ಕುಸುಬೆಯ ಹೂವನ್ನು ಹುಡುಕುತ್ತ ಉದಗೀರದವರೆಗೆ

ಕಳೆದ ಡಿಸೆಂಬರಿನಲ್ಲಿ ನನ್ನ ಮಗಳಿಗೆ ಶಾಲೆಯಿಂದ ಒಂದು ಪ್ರಬಂಧ ಬರೆದು ತರುವ ಕೆಲಸ ಬಂದಿತು. ವಿಷಯ: 'ನಾನು ಕಂಡ ಹೂವಿನ ಹೊಲ'. ಕನ್ನಡ ಮಾಧ್ಯಮದ ಆರನೆಯ ತರಗತಿಯ ಹುಡುಗಿ. ಎರಡು ಪುಟ ಬರೆದರೆ ಸಾಕಿತ್ತು, ನಾಲ್ಕು ಪುಟ ಬರೆದಳು. ಉಮರ್ಗಾದ ನಮ್ಮ ಮನೆಯ ಪಡಸಾಲೆಯಲ್ಲಿ ತೂಗುವ ಕ್ಯಾಲೆಂಡರಿನಲ್ಲಿ ಲ್ಯಾವೆಂಡರ್ ಹೊಲದ ಚಿತ್ರವೊಂದಿದೆ. ಬಾಚಣಿಗೆಯಿಂದ ಬಾಚಿದಂತೆ ನೇರಳೆ ಬಣ್ಣದ ಸಾಲುಗಳು, ಅವುಗಳ ಕೊನೆಯಲ್ಲಿ ಒಂದು ಕಲ್ಲಿನ ಮನೆ. ಆ ಚಿತ್ರವನ್ನು ನೋಡಿ, ಉಳಿದುದನ್ನು ನನ್ನ ಮೊಬೈಲಿನಲ್ಲಿ ಹುಡುಕಿ, ಅವಳು ಪ್ರಬಂಧವನ್ನು ಮುಗಿಸಿದ್ದಳು.

ವೃತ್ತಿಯ ಅಭ್ಯಾಸದಂತೆ ನಾನು ಅದರ ಸಂಗತಿಗಳನ್ನು ಒಂದೊಂದಾಗಿ ಪರಿಶೀಲಿಸಿದೆ. ತಪ್ಪು ಸಿಗಲಿಲ್ಲ. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದ ವಾಲಾಂಸೋಲ್ ಪ್ರಸ್ಥಭೂಮಿಯಲ್ಲಿ ಜೂನ್ ನಡುವಿನಿಂದ ಜುಲೈ ನಡುವಿನವರೆಗೆ ಹೂವು ನಿಲ್ಲುತ್ತದೆ. ಇನ್ನೂ ಎತ್ತರದ ಊರುಗಳಲ್ಲಿ ಆಗಸ್ಟ್ ಆರಂಭದವರೆಗೂ ಕಾಣಬಹುದು. 1148ರಲ್ಲಿ ಸ್ಥಾಪನೆಯಾದ ಸೆನಾಂಕ್ ಎಂಬ ಕ್ರೈಸ್ತ ಮಠದ ಎದುರಿಗೇ ಲ್ಯಾವೆಂಡರ್ ಹೊಲವಿದೆ. ಸ್ಪೇನಿನ ಬ್ರಿಯುಎಗಾದಲ್ಲಿ, ಕ್ರೊಯೇಷಿಯಾದ ಹ್ವಾರ್ ದ್ವೀಪದಲ್ಲಿಯೂ ಈ ಬೆಳೆಯುಂಟು. ಪ್ರವಾಸಿಗರು ಚಿತ್ರ ತೆಗೆಸಿಕೊಳ್ಳುವ ಬಹುಪಾಲು ಹೊಲಗಳಲ್ಲಿರುವುದು ಲ್ಯಾವಂಡಿನ್ ಎಂಬ ಮಿಶ್ರ ತಳಿ. ಅದು ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ನಮ್ಮ ದೇಶದಲ್ಲಿಯೂ ಜಮ್ಮುವಿನ ಭದ್ರವಾಹದಲ್ಲಿ ರೈತರು ಲ್ಯಾವೆಂಡರ್ ಬೆಳೆಯುತ್ತಿದ್ದು, 2022ರ ಮೇ ತಿಂಗಳಲ್ಲಿ ಅಲ್ಲಿ ಅದರ ಮೊದಲ ಉತ್ಸವ ನಡೆಯಿತು. ಇಷ್ಟೆಲ್ಲ ಬರೆದಿದ್ದಳು.

ಶಿಕ್ಷಕಿಯವರು ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದು ಹಿಂತಿರುಗಿಸಿದ್ದರು: "ಚೆನ್ನಾಗಿದೆ. ಇದನ್ನು ನೀನು ಕಂಡೆಯಾ?"

ಇಪ್ಪತ್ತು ವರ್ಷ ವಕಾಲತ್ತು ಮಾಡಿದ ನನಗೆ ಇದಕ್ಕಿಂತ ಚೊಕ್ಕ ಪಾಟೀಸವಾಲು ಕೇಳಿದ ನೆನಪಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 60ನೆಯ ಕಲಮು ಹೇಳುತ್ತಿದ್ದುದೂ ಇದನ್ನೇ: ಕಣ್ಣಿಗೆ ಕಾಣುವ ಸಂಗತಿಯಾದರೆ ಕಂಡವನೇ ಬಂದು ನುಡಿಯಬೇಕು. ಮಗಳು ಅಳುಮೋರೆ ಮಾಡಿಕೊಂಡು, "ಅಪ್ಪಾ, ನಮ್ಮ ಕಡೆ ಹೂವಿನ ಹೊಲ ಎಲ್ಲಿವೆ?" ಎಂದು ಕೇಳಿದಳು. ನನಗೂ ಥಟ್ಟನೆ ಉತ್ತರ ತೋಚಲಿಲ್ಲ. ಒಳಗಿನಿಂದ ನನ್ನ ತಾಯಿ ಹೇಳಿದರು: "ಯಾಕ, ಕುಸುಬಿ ಹೂ ಇಲ್ಲೇನು?"

"ಕುಸುಬಿ ಅಂದರೆ?" ಎಂದಳು ಮಗಳು. ತಿಳಿಯಲಿ ಎಂದು ನಾನು ಪೇಟೆಯಲ್ಲಿ ನಡೆಯುವ ಮರಾಠಿ ಹೆಸರನ್ನು ಹೇಳಿದೆ: ಕರಡಿ. ಅವಳು ಬಿದ್ದು ಬಿದ್ದು ನಕ್ಕಳು. ಕಿರಾಣಿ ಅಂಗಡಿಯ ಫಲಕದಲ್ಲಿ 'ಕರಡಿ ತೇಲ' ಎಂದು ಓದಿದಾಗಲೆಲ್ಲ ಅವಳೂ ಅವಳ ಗೆಳತಿಯರೂ ಜಾಂಬವಂತನ ಕೊಬ್ಬನ್ನು ಕರಗಿಸಿ ಡಬ್ಬಿಯಲ್ಲಿ ತುಂಬಿದ್ದಾರೆಂದು ಹಾಸ್ಯ ಮಾಡುತ್ತಿದ್ದರಂತೆ. ಗಡಿಯಲ್ಲಿ ಬೆಳೆಯುವ ಮಕ್ಕಳಿಗೆ ಇಂಥ ವಿನೋದ ದಿನಕ್ಕೊಂದು ಸಿಗುತ್ತದೆ. ಆದರೆ ಕರಡಿಯ ಹಿಂದೆ ಕುಸುಬೆ ಎಂಬ ಹೆಸರೊಂದು ಇದ್ದೀತೆಂದು ಅವಳಿಗೆ ಹೊಳೆದಿರಲಿಲ್ಲ. ನಾನು ಹೇಳಿರಲೂ ಇಲ್ಲ. ಅವಳ ಪ್ರಬಂಧದ ಪ್ರೊವಾನ್ಸಿನಲ್ಲಿಯೂ ಇಂಥದೇ ಒಂದು ಕಥೆಯಿದೆ. ಆ ನಾಡಿಗೆ ಪ್ರೊವೆನ್ಸಾಲ್ ಎಂಬ ತನ್ನದೇ ನುಡಿಯುಂಟು. ಆ ನುಡಿಯಲ್ಲಿ ಬರೆದ ಕವಿ ಫ್ರೆಡೆರಿಕ್ ಮಿಸ್ತ್ರಾಲ್‌ರಿಗೆ 1904ರಲ್ಲಿ ನೊಬೆಲ್ ಪಾರಿತೋಷಕದ ಅರ್ಧ ಪಾಲು ಬಂದಿತು. ಅವರು ತಮ್ಮ ನುಡಿಗೆ ಒಂದು ದೊಡ್ಡ ನಿಘಂಟನ್ನೂ ರಚಿಸಿದರು. ಇಂದು ಆ ಹೊಲಗಳನ್ನು ನೋಡಲು ಜಗತ್ತೇ ಬರುತ್ತದೆ, ಆ ನುಡಿಯನ್ನು ಮನೆಮಾತಾಗಿ ಆಡುವವರು ವಿರಳರಾಗಿದ್ದಾರೆ.

ನನ್ನ ಬಾಲ್ಯದಲ್ಲಿ ಕುಸುಬೆಯನ್ನು ನೋಡಲೆಂದು ಯಾರೂ ಹೋಗುತ್ತಿರಲಿಲ್ಲ. ಅದು ಎಲ್ಲಿ ಹೋದರೂ ಕಾಣುತ್ತಿತ್ತು. ಹಿಂಗಾರಿ ಜೋಳದ ಹೊಲದ ಸುತ್ತಲೂ ಅದರ ಸಾಲುಗಳನ್ನು ಬಿತ್ತುತ್ತಿದ್ದರು. ಎಲೆಯಂಚಿನಲ್ಲಿ ಮುಳ್ಳು, ಹೂವಿನ ಬುಡದಲ್ಲಿ ಮುಳ್ಳು. ದನಗಳು ಮೂಸಿ ಹಿಂದಕ್ಕೆ ಸರಿಯುತ್ತಿದ್ದವು. ಬೇಲಿಯೂ ಅದೇ, ಬೆಳೆಯೂ ಅದೇ. ಅಕ್ಟೋಬರಿನ ಹೊತ್ತಿಗೆ ಬಿತ್ತಿದರೆ ಮತ್ತೆ ಮಳೆ ಬಾರದಿದ್ದರೂ ಎರೆಭೂಮಿಯ ಆಳದ ತೇವಕ್ಕೆ ತಾಯಿಬೇರನ್ನು ಇಳಿಸಿಕೊಂಡು ಅದು ಬದುಕುತ್ತದೆ. ಎಳೆಯ ಗಿಡದ ಎಲೆಗಳಿಂದ ಪಲ್ಯ, ಬೀಜದಿಂದ ಎಣ್ಣೆ, ಎಣ್ಣೆ ತೆಗೆದ ಹಿಂಡಿ ಎತ್ತುಗಳಿಗೆ. ಒಣಗಿದ ಮೇಲೆ ಕೊಯ್ಯುವುದೇ ಕಷ್ಟದ ಕೆಲಸ. ಇಬ್ಬನಿಗೆ ಮುಳ್ಳು ಮೆತ್ತಗಾಗಿರುವ ನಸುಕಿನಲ್ಲಿಯೇ ಹೋಗಬೇಕು. ಕೈಕಾಲುಗಳಿಗೆ ಹಳೆಯ ಅರಿವೆ ಸುತ್ತಿಕೊಂಡು ಹೊರಡುತ್ತಿದ್ದ ಹೆಂಗಸರನ್ನು ಕತ್ತಲಲ್ಲಿ ಕಂಡು ನಾನು ಹೆದರಿದ್ದೂ ಉಂಟು.

ಹೊಲ ನೋಡಲೆಂದೇ ಹೋಗುವ ದಿನವೊಂದು ನಮ್ಮಲ್ಲಿ ಇಂದಿಗೂ ಇದೆ. ಲ್ಯಾವೆಂಡರಿನ ಉತ್ಸವಗಳಿಗಿಂತ ಅದು ಬಹಳ ಹಳೆಯದು. ಮಾರ್ಗಶಿರದ ಅಮಾವಾಸ್ಯೆಯಂದು ಲಾತೂರು, ಧಾರಾಶಿವ ಜಿಲ್ಲೆಗಳ ಪೇಟೆಗಳೆಲ್ಲ ಬರಿದಾಗಿ ಜನ ಹೊಲಗಳಿಗೆ ನಡೆಯುತ್ತಾರೆ. ಕನ್ನಡದವರು ಎಳ್ಳಮಾವಾಸ್ಯೆ ಎನ್ನುತ್ತಾರೆ, ಮರಾಠಿಯವರು ವೇಳ ಅಮಾವಾಸ್ಯೆ ಎನ್ನುತ್ತಾರೆ. ಜೋಳದ ದಂಟಿನ ಗುಡಿಸಲಲ್ಲಿ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲಿ, ಭಜ್ಜಿ, ಅಂಬಲಿ, ಸಜ್ಜೆಯ ರೊಟ್ಟಿಗಳನ್ನು ಉಣ್ಣುತ್ತಾರೆ. ಚರಗ ಚೆಲ್ಲುವಾಗ ಕುಸುಬೆಯ ಸಾಲು ಬಂದೊಡನೆ ಧೋತರ ಎತ್ತಿ ಹಿಡಿದು ದಾಟುತ್ತಿದ್ದ ಅಜ್ಜನ ನೆನಪು ನನಗಿದೆ. ಈ ಸಲ ಅದೇ ಹೊಲದಲ್ಲಿ ನಾವು ಏನನ್ನೂ ಎತ್ತಿ ಹಿಡಿಯದೆ ನಡೆದಿದ್ದೆವು. ಅದು ನನ್ನ ಗಮನಕ್ಕೆ ಬಂದದ್ದು ತಾಯಿಯ ಮಾತಿನ ನಂತರವೇ.

ಅಂದು ರಾತ್ರಿ ನಮ್ಮ ಹೊಲದ ಹಳೆಯ ಸಾತಬಾರಾ ಉತಾರೆಗಳನ್ನು ತೆಗೆದು ಕುಳಿತೆ. ವಕೀಲರು ಸಾಮಾನ್ಯವಾಗಿ ಏಳನೆಯ ನಮೂನೆಯನ್ನು ಮಾತ್ರ ಓದುತ್ತಾರೆ, ಏಕೆಂದರೆ ಮಾಲೀಕನ ಹೆಸರು ಇರುವುದು ಅಲ್ಲಿ. ಹನ್ನೆರಡನೆಯ ನಮೂನೆಯಲ್ಲಿ ಬೆಳೆಯ ಹೆಸರು ಇರುತ್ತದೆ. ಅದನ್ನು ಓದುವವರು ಕಡಿಮೆ. ನನ್ನ ಅಜ್ಜನ ಕಾಲದ ಹಾಳೆಗಳಲ್ಲಿ ತಲಾಠಿಯ ಮೋಡಿಯಂಥ ಬರಹದಲ್ಲಿ ಜ್ವಾರಿ, ಹರಭರಾ, ಕರಡಿ ಎಂದು ವರ್ಷದ ಮೇಲೆ ವರ್ಷ ಬಂದಿತ್ತು. ಆಮೇಲೆ ಸೋಯಾಬೀನ್ ಕಾಲಿಟ್ಟಿತು. ಅದರ ಮುಂದಿನ ಹಾಳೆಗಳಲ್ಲಿ ಸೋಯಾಬೀನ್, ಹರಭರಾ ಎರಡೇ. 2021ರಿಂದ ರೈತನೇ ಮೊಬೈಲಿನಲ್ಲಿ ಬೆಳೆಯ ಚಿತ್ರ ತೆಗೆದು ನೋಂದಾಯಿಸುವ ಈ-ಪೀಕ ಪಾಹಣಿ ಬಂದಿದೆ. ನಮ್ಮ ಹೊಲದ ಆ ನೋಂದಣಿಯಲ್ಲಿ ಕುಸುಬೆ ಒಮ್ಮೆಯೂ ಇಲ್ಲ. ಅದಕ್ಕೆ ಕಾರಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಹೊರದೇಶದ ಅಗ್ಗದ ತಾಳೆ ಎಣ್ಣೆ ಬಂದಿತು, ಊರ ಗಾಣ ನಿಂತಿತು, ಸೋಯಾಬೀನಿಗೆ ಲಾತೂರಿನ ದೊಡ್ಡ ಪೇಟೆ ಹತ್ತಿರವಾಯಿತು, ಮುಳ್ಳಿನ ಬೆಳೆಗೆ ಕೂಲಿಯವರು ಒಲ್ಲೆನೆಂದರು. ಇಷ್ಟು ಎಲ್ಲರಿಗೂ ಗೊತ್ತು. ಆ ಕಡತದಲ್ಲಿ ಇನ್ನೊಂದು ಕಾಗದವೂ ಇತ್ತು. ನಾನೂ ನನ್ನ ತಮ್ಮನೂ ಹೊಲವನ್ನು ಪಾಲು ಮಾಡಿಕೊಂಡಾಗ ನಾನೇ ಬರೆದ ವಾಟಣಿ ಪತ್ರ. ಬಾವಿಯ ನೀರಿನ ಪಾಳಿ, ಮಾವಿನ ಮರ, ಬಂಡಿಯ ದಾರಿ ಎಲ್ಲವನ್ನೂ ನಮೂದಿಸಿದ್ದೆ. ಸುತ್ತಲಿನ ಕುಸುಬೆಯ ಸಾಲನ್ನು ತೆಗೆದು ಆ ಮೊಳದಷ್ಟು ಜಾಗವನ್ನೂ ಅಳತೆಗೆ ಸೇರಿಸಿದವನು ನಾನೇ.

ಸಂಕ್ರಾಂತಿ ಕಳೆದ ಮೊದಲ ರವಿವಾರ ಮಗಳನ್ನು ಕರೆದುಕೊಂಡು ಕುಸುಬೆಯ ಹೂವನ್ನು ಹುಡುಕಲು ಹೊರಟೆ. ತಾಯಿ ಬುತ್ತಿ ಕಟ್ಟುತ್ತ, "ಮುಳ್ಳ ನೋಡ್ಲಿಕ್ಕ ಪೆಟ್ರೋಲ್ ಸುಟ್ಕೊಂಡು ಹೊಂಟಾರ" ಎಂದು ನಕ್ಕರು. ಉಮರ್ಗಾದಿಂದ ಕಾಸಾರ ಸಿರಸಿಯವರೆಗೆ ರಸ್ತೆಯ ಎರಡೂ ಬದಿಗೆ ಕಡಲೆ, ಕಬ್ಬು, ನಡುನಡುವೆ ಗೋಧಿ. ಜೋಳವೂ ಕಡಿಮೆಯೇ. ದೂರದಲ್ಲಿ ಹಳದಿ ಕಂಡಾಗಲೆಲ್ಲ ಮಗಳು ಗಾಡಿ ನಿಲ್ಲಿಸೆನ್ನುವಳು. ಒಂದು ಕಡೆ ಸೂರ್ಯಕಾಂತಿ, ಇನ್ನೊಂದು ಕಡೆ ಬದುವಿನ ಕಳೆಯ ಹೂವು. ತೇರಣಾ ನದಿಯ ಸೇತುವೆಯ ಮೇಲೆ ತುಸು ಹೊತ್ತು ನಿಂತೆವು. ಈ ನದಿಯ ಮೇಲುಭಾಗದಲ್ಲಿ ಕಿಲ್ಲಾರಿ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿದಾಗ ನಾನು ಹೆಚ್ಚುಕಡಿಮೆ ಅವಳ ವಯಸ್ಸಿನವನು. ಆ ವರ್ಷದ ಹಿಂಗಾರಿ ಬಿತ್ತನೆಗೆ ನಮ್ಮ ಊರಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಕಲ್ಲಿನ ಗೋಡೆಗಳಿಗೆ ಹೆದರಿ ಹೊಲದಲ್ಲಿಯೇ ಮಲಗುತ್ತಿದ್ದೆವು. ಅಷ್ಟನ್ನು ಮಗಳಿಗೆ ಹೇಳಿ ಮುಂದೆ ಸಾಗಿದೆ.

ನಿಲಂಗಾದಲ್ಲಿ ನೀಲಕಂಠೇಶ್ವರನ ಹಳೆಯ ಕಲ್ಲಿನ ಗುಡಿಯನ್ನು ನೋಡಿ, ಚಹಾ ಕುಡಿದು ವಿಚಾರಿಸಿದರೆ ಒಬ್ಬರು ಔರಾದದ ಕಡೆ ಹೋಗಿರಿ ಎಂದರು, ಇನ್ನೊಬ್ಬರು ಉದಗೀರದ ಕಡೆ ಎಂದರು. ಮಾಂಜರಾ ನದಿಯನ್ನು ದಾಟಿ ಉದಗೀರದ ದಾರಿ ಹಿಡಿದೆವು. ಊರು ಇನ್ನೂ ಸ್ವಲ್ಪ ದೂರವಿರುವಾಗ, ಎಡಗಡೆಯ ಏರಿನ ಮೇಲೆ, ಕಡಲೆಯ ಹಸಿರಿನ ಸುತ್ತ ಕೆಂಡದ ಗೆರೆ ಎಳೆದಂತೆ ಕಂಡಿತು. ಮಗಳು ಈ ಸಲ ನಿಲ್ಲಿಸೆನ್ನಲಿಲ್ಲ, ನಾನೇ ನಿಲ್ಲಿಸಿದೆ.

ಎಲ್ಲ ಸೇರಿ ಅರ್ಧ ಎಕರೆಗೂ ಕಡಿಮೆ. ಸುತ್ತಲೂ ನಾಲ್ಕು ಸಾಲು, ಒಂದು ಮೂಲೆಯಲ್ಲಿ ಸಣ್ಣದೊಂದು ಪಟ್ಟಿ. ಆದರೆ ಹೂವು ಭರ್ತಿಯಾಗಿತ್ತು. ಅಂದು ಅರಳಿದ್ದು ಹಳದಿ, ಹಿಂದಿನ ದಿನಗಳದ್ದು ಕಿತ್ತಳೆ, ಬಾಡುತ್ತಿರುವುದು ಕೆಂಪು. ಒಂದೇ ಗಿಡದಲ್ಲಿ ಮೂರು ಬಣ್ಣ. ಜೇನುನೊಣಗಳ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ಲ್ಯಾವೆಂಡರಿನಂತೆ ಪರಿಮಳವಿಲ್ಲ. ಮೂಗು ಹತ್ತಿರ ತಂದರೆ ಒಣಹುಲ್ಲಿನಂಥ ವಾಸನೆ, ಜೊತೆಗೆ ಗಲ್ಲಕ್ಕೆ ಒಂದು ಮುಳ್ಳು.

ನನ್ನ ಬಿಳಿ ಅಂಗಿಯನ್ನೂ ಕೈಯಲ್ಲಿದ್ದ ಮೊಬೈಲನ್ನೂ ಕಂಡು ಹೊಲದ ಯಜಮಾನರು ಅವಸರದಿಂದ ಬಂದರು. ವಯಸ್ಸು ಎಪ್ಪತ್ತರ ಮೇಲಿರಬಹುದು. ಮೊದಲು ಮರಾಠಿಯಲ್ಲಿ ಕೇಳಿದರು. ನಾನು ಮಗಳೊಡನೆ ಕನ್ನಡ ಮಾತಾಡುವುದನ್ನು ಕೇಳಿ ಅವರೂ ಕನ್ನಡಕ್ಕೆ ಹೊರಳಿದರು. "ಪಂಚನಾಮಾ ಮಾಡ್ಲಿಕ್ಕ ಬಂದೀರೇನ್ರಿ? ರಸ್ತಾದಾಗ ಹೊಲ ಹೊಂಟದೇನು?" ಹೂವು ನೋಡಲು ಬಂದಿದ್ದೇವೆಂದರೆ ಅವರು ನಂಬಲಿಲ್ಲ. ಮಗಳು ಪ್ರಬಂಧದ ಕಥೆಯನ್ನೆಲ್ಲ ಹೇಳಿದ ಮೇಲೆ ಸಮಾಧಾನವಾಯಿತು. ಏಕೆ ಇನ್ನೂ ಬಿತ್ತುತ್ತೀರಿ ಎಂದು ಕೇಳಿದೆ. "ಜಿಂಕಿ, ಹಂದಿ, ಬಿಟ್ಟ ದನ, ಯಾವುದೂ ಬಿಡಂಗಿಲ್ರಿ ವಕೀಲಸಾಬ್. ತಂತಿ ಬೇಲಿಗೆ ರೊಕ್ಕ ಎಲ್ಲಿಂದ ತರ್ಲಿ? ಇದು ತಾನೇ ಕಾಯ್ತದ, ಮ್ಯಾಲ ವರ್ಷದ ಎಣ್ಣಿನೂ ಕೊಡ್ತದ." ಹೇನು ಬಿದ್ದ ವರ್ಷ ಮಾತ್ರ ಎಲ್ಲ ಹೋಗುತ್ತದೆಂದು ಹೇಳಿ ಗಿಡದ ತುದಿಯನ್ನು ಬಗ್ಗಿಸಿ ತೋರಿಸಿದರು. ಪ್ರೊವಾನ್ಸಿನಲ್ಲಿಯೂ ಒಂದು ಜಿಗಿಹುಳು ರೋಗವನ್ನು ಹರಡಿ ಲ್ಯಾವೆಂಡರನ್ನು ಒಣಗಿಸುತ್ತದೆಂದು ಮಗಳು ಅವರಿಗೆ ತಿಳಿಸಿದಳು. "ಅಲ್ಲೀನೂ ಹಂಗೇ ಏನವಾ?" ಎಂದು ಅವರು ಬಹಳ ದಿನದ ಪರಿಚಯದವರ ಸುದ್ದಿ ಕೇಳಿದಂತೆ ತಲೆದೂಗಿದರು.

ಬಾಡಿದ ಎಸಳುಗಳನ್ನು ಅಂಗೈಯಲ್ಲಿ ತಿಕ್ಕಿ ಮಗಳು ಬಣ್ಣ ಹತ್ತುತ್ತದೆಯೇ ಎಂದು ನೋಡುತ್ತಿದ್ದಳು. ಹತ್ತಿದ್ದು ಹಳದಿ. ಕೆಂಪು ಅಷ್ಟು ಸುಲಭವಾಗಿ ಬರುವುದಿಲ್ಲ; ಎಸಳನ್ನು ನೀರಿನಲ್ಲಿ ತೊಳೆದು ತೊಳೆದು ಹಳದಿಯನ್ನು ಕಳೆದು, ಆಮೇಲೆ ಕ್ಷಾರದ ನೀರಿನಲ್ಲಿ ನೆನೆಸಿ ಕೆಂಪನ್ನು ತೆಗೆಯಬೇಕು. ಪುರಾತನ ಈಜಿಪ್ಟಿನ ಗೋರಿಗಳಲ್ಲಿಯೂ ಕುಸುಬೆಯ ಹೂಮಾಲೆ ಸಿಕ್ಕಿದೆ. ಇಂಗ್ಲೆಂಡಿನಲ್ಲಿ ನನ್ನ ವೃತ್ತಿಯವರು ಕಾಗದಪತ್ರಗಳನ್ನು ಕಟ್ಟುತ್ತಿದ್ದ ಕೆಂಪು ಪಟ್ಟಿಗೆ, ರಾಸಾಯನಿಕ ಬಣ್ಣಗಳು ಬರುವ ಮೊದಲು, ಕುಸುಬೆಯ ಬಣ್ಣವನ್ನೇ ಹಾಕುತ್ತಿದ್ದರು. ಕೆಂಪು ಪಟ್ಟಿಯ ಮೂಲವೂ ಇಂಥದೊಂದು ಎರೆಹೊಲವೆಂದು ತಿಳಿದ ದಿನದಿಂದ ಕೋರ್ಟಿನ ಕಡತವನ್ನು ಬಿಚ್ಚುವಾಗ ನನಗೆ ನಗು ಬರುತ್ತದೆ. ಆದರೆ ಆ ಬಣ್ಣ ಬಿಸಿಲಿಗೆ ನಿಲ್ಲದು. ನಮ್ಮ ಆಲಂಕಾರಿಕರು ಅನುರಾಗವನ್ನು ಬಣ್ಣಗಳಿಗೆ ಹೋಲಿಸಿ ವಿಂಗಡಿಸುವಾಗ, ಚೆನ್ನಾಗಿ ಹೊಳೆದು ಬೇಗ ಮಾಸುವ ಪ್ರೀತಿಗೆ ಕುಸುಂಭರಾಗವೆಂದು ಹೆಸರಿಟ್ಟರು. ಬಟ್ಟೆಯ ಮೇಲಿನ ಬಣ್ಣದ ಮಟ್ಟಿಗೆ ಅದು ಸರಿ. ಮಳೆಯಿಲ್ಲದೆ ಮೂರು ತಿಂಗಳು ನಿಂತು ಅರಳಿದ ಗಿಡವನ್ನು ಅವರು ಹೊಲದಲ್ಲಿ ಕಂಡಿದ್ದರೋ ಇಲ್ಲವೋ, ಸಾಕ್ಷ್ಯ ದುರ್ಬಲವಾಗಿದೆ.

ಉದಗೀರದ ಕೋಟೆಯನ್ನು ಅವಸರದಲ್ಲಿಯೇ ನೋಡಿದೆವು. 1760ರಲ್ಲಿ ಮರಾಠರೂ ನಿಜಾಮನೂ ಕಾದಾಡಿದ ಸ್ಥಳ. ಮಗಳಿಗೆ ಅದಕ್ಕಿಂತ ವಿಚಿತ್ರವೆನಿಸಿದ್ದು, ಈ ಉದಗೀರವೂ ನಾವು ದಾಟಿ ಬಂದ ನಿಲಂಗಾವೂ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವೆಂಬ ಸಂಗತಿ. ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಒಂದು ವಾಕ್ಯದಲ್ಲಿ ಅಹಮದಪುರ, ನಿಲಂಗಾ, ಉದಗೀರ ಎಂಬ ಮೂರು ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. "ಹಾಗಾದರೆ ಅಂದಿನಿಂದ ಕುಸುಬಿ ಕರಡಿ ಆಯಿತೇ?" ಎಂದಳು. ಹಾಗಲ್ಲ, ಎರಡು ಹೆಸರೂ ಅದಕ್ಕಿಂತ ಮೊದಲೇ ಅಕ್ಕಪಕ್ಕದಲ್ಲಿ ಬಾಳುತ್ತಿದ್ದವೆಂದು ಹೇಳಿದೆ. ಹೊಲದ ಯಜಮಾನರು ಎರಡನ್ನೂ ಒಂದೇ ಮಾತಿನಲ್ಲಿ ಬಳಸಿದ್ದನ್ನು ಅವಳೇ ಕೇಳಿದ್ದಳು.

ಹೊರಡುವಾಗ ಆ ಹಿರಿಯರು ಹಿಂದಿನ ವರ್ಷದ ಬೀಜವನ್ನು ಎರಡು ಬೊಗಸೆ ಕೊಟ್ಟಿದ್ದರು. ಶಂಖದಂತೆ ಬಿಳುಪಾದ ಆ ಬೀಜಗಳನ್ನು ನನ್ನ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಪ್ರಬಂಧವನ್ನು ಮಗಳು ಎರಡನೆಯ ಸಲ ಬರೆದಳು. ಈ ಸಲ ಒಂದೂವರೆ ಪುಟ ಮಾತ್ರ, ಮುಳ್ಳು ಚುಚ್ಚಿದ ಬೆರಳಿನ ಸಂಗತಿಗೇ ಅರ್ಧ ಪುಟ ಹೋಗಿತ್ತು. ಶಿಕ್ಷಕಿಯವರು ಅದನ್ನು ತರಗತಿಯಲ್ಲಿ ಓದಿಸಿದರಂತೆ. ಕುಸುಬೆ ಎಂದರೇನೆಂದು ಕೈಯೆತ್ತಿ ಹೇಳಿದವರು ಮೂವರು. ಮೂವರೂ ಅಜ್ಜಿಯೊಡನೆ ಇರುವ ಮಕ್ಕಳು.

ತಮ್ಮನೊಡನೆ ಮಾತಾಡುವುದು ಇದಕ್ಕಿಂತ ಕಠಿಣವಾಗಿತ್ತು. ಹೊಲವನ್ನು ಈಗ ಅವನೇ ಮಾಡುತ್ತಾನೆ. ನನ್ನ ಪಾಲನ್ನೂ ಸಹ. ಬರುವ ಹಿಂಗಾರಿಗೆ ಕಡಲೆಯ ಸುತ್ತ ಎರಡು ಸಾಲು ಕುಸುಬೆ ಬಿತ್ತೋಣವೆಂದೆ. ಅವನು ಬೀಜವನ್ನು ಕೈಯಲ್ಲಿ ತೂಗಿ ನೋಡಿ, "ಅಣ್ಣಾ, ಕೊಯ್ಯಲಿಕ್ಕ ಯಾರು ಬರ್ತಾರ? ನೀ ಕೋರ್ಟ್ ಬಿಟ್ಟು ಬರ್ತೀಯಾ?" ಎಂದ. ನಸುಕಿನಲ್ಲಿ ಬರುತ್ತೇನೆ, ಕೋರ್ಟು ಶುರುವಾಗುವುದು ಹನ್ನೊಂದಕ್ಕೆ ಎಂದೆ. ಬಾಯಿಮಾತು ನಡೆಯುವುದಿಲ್ಲ, ಬರೆದುಕೊಡು ಎಂದ. ವಾಟಣಿ ಪತ್ರದ ಬೆನ್ನಿಗೇ ಬರೆದು ಸಹಿ ಹಾಕಿದೆ. ಸಾಕ್ಷಿಗೆ ತಾಯಿಯ ಹೆಬ್ಬೆಟ್ಟು, ಅದರ ಕೆಳಗೆ ಮಗಳ ಹೆಸರು. ಬೀಜ ಈಗ ಅಡುಗೆಮನೆಯ ಮಾಡದಲ್ಲಿ, ಬೂದಿ ಬೆರೆಸಿದ ಡಬ್ಬಿಯಲ್ಲಿದೆ. ಡಬ್ಬಿಯ ಮೇಲೆ ಮಗಳು ಕನ್ನಡದಲ್ಲಿ ಕುಸುಬೆ ಎಂದು ಬರೆದಿದ್ದಾಳೆ, ಕೆಳಗೆ ಒಂದು ಕರಡಿಯ ಚಿತ್ರ ತೆಗೆದಿದ್ದಾಳೆ.