ನೀರಿನ ಮೇಲೊಂದು ಛತ್ರ

"ನೆಲದ ಮೇಲೆ ನಡೆಯಲೆಂದು ದೇವರು ಮನುಷ್ಯನಿಗೆ ಕಾಲು ಕೊಟ್ಟ, ನೀರಿನಲ್ಲಿ ಈಜಲೆಂದು ಮೀನಿಗೆ ಈಜುರೆಕ್ಕೆ ಕೊಟ್ಟ. ಅವರವರು ಅವರವರ ಸ್ಥಾನದಲ್ಲಿರುವುದೇ ಮರ್ಯಾದೆ" ಎಂದು ಮೈಸೂರಿನ ಆ ನಿವೃತ್ತ ಮುಖ್ಯೋಪಾಧ್ಯಾಯರು ತೀರ್ಪು ಕೊಟ್ಟಾಗ, ಮಗಳು ಆಗಲೇ ಟಿಕೆಟ್ಟು ಕೊಂಡು ಮೂರು ತಿಂಗಳಾಗಿತ್ತು.

ಅಮೆರಿಕದ ವಾಯುವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದಲ್ಲಿ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು. ಬೇಸಗೆಯಲ್ಲಿ ಊರಿನಿಂದ ಬಂದ ತಂದೆತಾಯಿಗಳನ್ನು ಅಲಾಸ್ಕದ ಹಡಗು ಹತ್ತಿಸುವುದು ಅಲ್ಲಿಯ ಕನ್ನಡ ಕುಟುಂಬಗಳಿಗೆ ಹೊಸದೇನಲ್ಲ. ಏಳು ರಾತ್ರಿಗಳ ಯಾನ. ಊಟ, ವಸತಿ, ವಿನೋದ ಎಲ್ಲವೂ ಹಡಗಿನಲ್ಲಿಯೇ. ಮಕ್ಕಳಿಗೆ ಆಟದ ಮನೆ, ಹಿರಿಯರಿಗೆ ಸಂಗೀತ, ನಡುವಯಸ್ಸಿನವರಿಗೆ ನಿದ್ರೆ.

ಮೇಷ್ಟರ ಆಕ್ಷೇಪಣೆಗಳು ಮೂರು. ಮೊದಲನೆಯದು ಭಯ, ಎರಡನೆಯದು ಊಟ, ಮೂರನೆಯದು ದುಂದು. ಅವುಗಳಲ್ಲಿ ಅವರು ಬಾಯಿಬಿಟ್ಟು ಹೇಳಿದ್ದು ಮೂರನೆಯದನ್ನು ಮಾತ್ರ. "ಪ್ರವಾಸವೆಂದರೆ ನಡೆಯಬೇಕು, ಹತ್ತಬೇಕು, ಬೆವರಬೇಕು. ಮಂಚದ ಮೇಲೆ ಮಲಗಿದವನನ್ನು ಊರಿಂದೂರಿಗೆ ಹೊತ್ತುಕೊಂಡು ಹೋದರೆ ಅದು ಪ್ರವಾಸವೆ? ನೀರಿನ ಮೇಲೊಂದು ಛತ್ರ, ಅಷ್ಟೆ!"

ಹೆಂಡತಿ ಮಾತ್ರ ಮಾತಾಡಲಿಲ್ಲ. ಸೀರೆಗಳ ಮೇಲೆ ತೊಡಲು ಮಗಳು ತಂದಿಟ್ಟಿದ್ದ ಉಣ್ಣೆಯ ಕೋಟನ್ನು ಹಾಕಿಕೊಂಡು ಕನ್ನಡಿಯ ಮುಂದೆ ಒಮ್ಮೆ ನಿಂತು ನೋಡಿದರು, ಅಷ್ಟೆ.

ಆಕೆಯ ಮೌನಕ್ಕೆ ಕಾರಣವಿತ್ತು. ಇಪ್ಪತ್ತೈದು ವರ್ಷಗಳಿಂದ ಆಕೆಗೆ ಮಂಡಿನೋವು. ಗಂಡನೊಡನೆ ಹೋಗದ ಊರಿಲ್ಲ, ಆದರೆ ಪೂರ್ತಿ ನೋಡಿದ ಊರೂ ಇಲ್ಲ. ಶ್ರವಣಬೆಳಗೊಳದಲ್ಲಿ ಆರುನೂರಕ್ಕೂ ಮಿಕ್ಕ ಮೆಟ್ಟಲುಗಳ ಬುಡದಲ್ಲಿ ಚಪ್ಪಲಿ ಕಾಯುತ್ತ ಕುಳಿತವರು ಆಕೆ. ಮೇಲುಕೋಟೆಯಲ್ಲಿ ಯೋಗಾನರಸಿಂಹನಿಗೆ ಕೊಳದ ಬಳಿಯಿಂದಲೇ ಕೈ ಮುಗಿದವರು. "ನೀನು ಇಲ್ಲೇ ಕೂತಿರು. ನಾನು ನೋಡಿ ಬಂದು ಹೇಳುತ್ತೇನೆ" ಎಂದು ಮೇಷ್ಟರು ಮುಂದೆ ನಡೆಯುವರು. ಬಂದು ಹೇಳುವುದನ್ನೂ ಮರೆತವರಲ್ಲ. ಪಾಠ ಹೇಳಿ ಪಳಗಿದ ನಾಲಗೆ, ಚೆನ್ನಾಗಿಯೇ ವರ್ಣಿಸುವರು.

ಜೂನ್ ತಿಂಗಳ ಒಂದು ಮಧ್ಯಾಹ್ನ ಕುಟುಂಬವು ಬಂದರಿಗೆ ಬಂದಿತು. ಹಡಗೆಂದರೆ ಮೇಷ್ಟರ ಮನಸ್ಸಿನಲ್ಲಿದ್ದುದು ಹೊಗೆಕೊಳವೆಯ ಒಂದು ಹಳೆಯ ಚಿತ್ರ. ಎದುರಿಗೆ ನಿಂತದ್ದೋ ಅಂತಸ್ತಿನ ಮೇಲೆ ಅಂತಸ್ತು ಹೇರಿಕೊಂಡ ಬಿಳಿಯ ಪಟ್ಟಣ. ಮೂರು ಸಾವಿರಕ್ಕೂ ಮಿಕ್ಕ ಪ್ರಯಾಣಿಕರು, ಅವರ ಸೇವೆಗೆ ಸಾವಿರಕ್ಕೂ ಮಿಕ್ಕ ನೌಕರರು. ತಪಾಸಣೆಯ ಕಟ್ಟೆಯಲ್ಲಿ ಮೇಷ್ಟರ ಪೆಟ್ಟಿಗೆಯಿಂದ ಚಟ್ನಿಪುಡಿ, ಅವಲಕ್ಕಿ, ಕೋಡುಬಳೆಗಳೊಡನೆ ನೀರು ಕಾಯಿಸುವ ಒಂದು ವಿದ್ಯುತ್ ಕೆಟಲೂ ಹೊರಬಿತ್ತು. ತಿಂಡಿಗಳಿಗೆ ಅಪ್ಪಣೆ ದೊರೆಯಿತು. ಕೆಟಲಿಗೆ ದೊರೆಯಲಿಲ್ಲ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು, ಕೋಣೆಗಳಲ್ಲಿ ಕಾವಿನ ಉಪಕರಣ ಕೂಡದು, ಇಳಿಯುವಾಗ ಹಿಂದಿರುಗಿಸುತ್ತೇವೆ ಎಂದು ಚೀಟಿ ಬರೆದುಕೊಟ್ಟರು. "ಆರಂಭದಲ್ಲೇ ಜಪ್ತಿ!" ಎಂದು ಮೇಷ್ಟರು ಗೊಣಗಿದರು.

ಹಡಗು ಹೊರಡುವ ಮುನ್ನ ಪ್ರತಿಯೊಬ್ಬನೂ ತನಗೆ ಗೊತ್ತುಮಾಡಿದ ಸ್ಥಳಕ್ಕೆ ಹೋಗಿ, ಅಪಾಯ ಕಾಲದಲ್ಲಿ ಎಲ್ಲಿ ಸೇರಬೇಕು, ತೇಲುಕವಚವನ್ನು ಹೇಗೆ ತೊಡಬೇಕು ಎಂಬುದನ್ನು ಕಲಿಯಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿದ್ದ ರಕ್ಷಣಾದೋಣಿಗಳು ಪಯಣಿಗರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮಾತ್ರ ಸಾಲುವಂತಿದ್ದುವು. ಆ ಪಾಠದ ಫಲವಾಗಿ 1914ರಲ್ಲಿ ರಾಷ್ಟ್ರಗಳು ಲಂಡನ್ನಿನಲ್ಲಿ ಸೇರಿ ಮಾಡಿಕೊಂಡ ಒಡಂಬಡಿಕೆಯೇ ಇಂದಿನ ಈ ನಿಯಮಗಳಿಗೆ ಮೂಲ. ಮೇಷ್ಟರು ಆ ಪಾಠವನ್ನು ಎರಡು ಬಾರಿ ಕೇಳಿ, ತಮ್ಮ ದೋಣಿಯ ಸಂಖ್ಯೆಯನ್ನು ಕೈಪುಸ್ತಕದಲ್ಲಿ ಬರೆದುಕೊಂಡರು.

ಮೊದಲ ರಾತ್ರಿ ಹಡಗು ಕೆನಡಕ್ಕೆ ಸೇರಿದ ವ್ಯಾಂಕೂವರ್ ದ್ವೀಪದ ಹೊರಮಗ್ಗುಲಿಗೆ ಬಂದು ತೆರೆದ ಪೆಸಿಫಿಕ್ ಸಾಗರವನ್ನು ಮುಟ್ಟಿತು. ನೀರಿನ ಕೆಳಗೆ ಹಡಗಿನ ಎರಡು ಪಕ್ಕಗಳಿಂದಲೂ ಮೀನಿನ ಈಜುರೆಕ್ಕೆಯಂಥ ಉಕ್ಕಿನ ಹಲಗೆಗಳು ಹೊರಚಾಚಿ, ಹೊರಳಾಟವನ್ನು ಬಹುಮಟ್ಟಿಗೆ ತಡೆಯುತ್ತವೆ. ಆದರೂ ತೊಟ್ಟಿಲು ತೂಗಿದಂಥ ಒಂದು ಚಲನೆ ಉಳಿದೇ ಇತ್ತು. ಮೇಷ್ಟರು ಶುಂಠಿಯ ಚೂರನ್ನು ಬಾಯಲ್ಲಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಅಜ್ಜಿಗೆ ಗಾಢನಿದ್ರೆ.

ಬೆಳಗ್ಗೆ ಬಾಗಿಲು ತಟ್ಟಿದ ಕೋಣೆಯ ಪರಿಚಾರಕನು ಇಬ್ಬರ ಮುಖವನ್ನೂ ಸೀರೆಯನ್ನೂ ನೋಡಿ, "ನಿಮ್ಮದು ಯಾವ ಊರು ಸಾರ್?" ಎಂದು ಅಚ್ಚ ಕನ್ನಡದಲ್ಲಿ ಕೇಳಿದನು. ಹುಡುಗ ಉಡುಪಿಯ ಕಡೆಯವನು. ಕರಾವಳಿಯಿಂದಲೂ ಗೋವೆಯಿಂದಲೂ ಹೋದ ಎಷ್ಟೋ ಯುವಕರು ಪ್ರಪಂಚದ ಹಡಗುಗಳಲ್ಲಿ ಹೀಗೆ ದುಡಿಯುತ್ತಿದ್ದಾರೆ. ಅಡಿಗೆಮನೆಗೆ ಹೇಳಿ ಆತ ಅನ್ನ, ಬೇಳೆ, ಮೊಸರಿನ ಏರ್ಪಾಡು ಮಾಡಿಸಿದನು. ಊರು ಬಿಟ್ಟು ಏಳು ತಿಂಗಳಾಯಿತೆಂದೂ, ನಾಲ್ಕು ವರ್ಷದ ಮಗಳಿದ್ದಾಳೆಂದೂ ಮಂಚದ ಹೊದಿಕೆ ಸರಿಪಡಿಸುತ್ತಲೇ ಹೇಳಿದನು. ಸಂಸಾರಗಳು ಒಟ್ಟಿಗಿರಲೆಂದು ತೇಲುವ ಈ ಛತ್ರವನ್ನು ನಡೆಸುವವರು ತಮ್ಮ ಸಂಸಾರಗಳಿಂದ ದೂರವಿರುವವರು. ಆ ದಿನ ಚಟ್ನಿಪುಡಿಯ ಡಬ್ಬಿಯಲ್ಲಿ ಅರ್ಧ ಆತನ ಪಾಲಾಯಿತು.

ಮೂರನೆಯ ದಿನ ಜೂನೋ ಪಟ್ಟಣ. ಅಲಾಸ್ಕದ ರಾಜಧಾನಿಯಾದರೂ ಹೊರ ಊರಿನಿಂದ ಇಲ್ಲಿಗೆ ರಸ್ತೆಯಿಲ್ಲ. ಹಡಗಿನಲ್ಲಿ ಬರಬೇಕು, ಇಲ್ಲವೇ ವಿಮಾನದಲ್ಲಿ ಬರಬೇಕು. ಹಿಂದೆ ಪರ್ವತ, ಹಿಮಕ್ಷೇತ್ರ, ಮುಂದೆ ಸಮುದ್ರ. 1867ರಲ್ಲಿ ರಷ್ಯದಿಂದ 72 ಲಕ್ಷ ಡಾಲರಿಗೆ ಅಮೆರಿಕ ಕೊಂಡುಕೊಂಡ ಈ ನೆಲವನ್ನು ಆಗ ನಕ್ಕು ಹೀಯಾಳಿಸಿದವರುಂಟು. 1880ರಲ್ಲಿ ಜೂನೋ ಬಳಿ ಚಿನ್ನ ಸಿಕ್ಕಿತು. 1959ರಲ್ಲಿ ಅಲಾಸ್ಕ ಅಮೆರಿಕದ 49ನೆಯ ರಾಜ್ಯವಾಯಿತು. ಇಂದು ಅಲ್ಲಿಯ ಜನಕ್ಕೆ ಬೇರೊಂದು ಚಿಂತೆ: ಬೇಸಗೆಯಲ್ಲಿ ಬಂದಿಳಿಯುವ ಪ್ರವಾಸಿಗಳ ಪ್ರವಾಹ. ದಿನಕ್ಕೆ ಐದಕ್ಕಿಂತ ಹೆಚ್ಚು ದೊಡ್ಡ ಹಡಗು ಬರಕೂಡದೆಂಬ ಒಪ್ಪಂದ 2024ರಿಂದ ಜಾರಿಗೆ ಬಂದಿದೆ.

ಊರಿನಿಂದ ಹನ್ನೆರಡು ಮೈಲಿಯ ಆಚೆ ಮೆಂಡೆನ್‌ಹಾಲ್ ಹಿಮನದಿ. 1962ರಲ್ಲಿ ಕಟ್ಟಿದ ವೀಕ್ಷಣಾಲಯದ ಗಾಜಿನ ಗೋಡೆಯಿಂದ ಅದು ಕಾಣುತ್ತದೆ. ಕಟ್ಟಿದಾಗ ಹತ್ತಿರವಿದ್ದ ಹಿಮ ವರ್ಷ ವರ್ಷವೂ ಹಿಂಜರಿದು, ಈಗ ಕೆರೆಯ ಆಚೆಗೆ ಸರಿದುಹೋಗಿದೆ. ಕೆರೆಯ ಅಂಚಿನಲ್ಲಿ ಜಲಪಾತದವರೆಗೆ ಸುಮಾರು ಒಂದು ಮೈಲಿಯ ಕಾಲುದಾರಿ. ಮೊಮ್ಮಕ್ಕಳು ಓಡಿದರು. ಮೇಷ್ಟರು ಪಂಚೆ ಕಟ್ಟುವ ಹಳೆಯ ಅಭ್ಯಾಸದಿಂದ ಷರಾಯಿಯನ್ನೇ ಒಮ್ಮೆ ಮೇಲಕ್ಕೆಳೆದುಕೊಂಡು, "ನೀನು ಇಲ್ಲೇ ಕೂತಿರು. ನಾನು ನೋಡಿ ಬಂದು ಹೇಳುತ್ತೇನೆ" ಎಂದರು.

ಅಜ್ಜಿ ಗಾಜಿನ ಗೋಡೆಯ ಬಳಿ ಕುಳಿತರು. ಹಿಂದಿರುಗಿದ ಮೇಲೆ ಮೇಷ್ಟರು ಜಲಪಾತವನ್ನು ಜೋಗಕ್ಕೆ ಹೋಲಿಸಿ ಹತ್ತು ನಿಮಿಷ ವರ್ಣಿಸಿದರು. ಆಕೆ ಎಂದಿನಂತೆ ಕೇಳಿದರು.

ನಾಲ್ಕನೆಯ ದಿನ ಸ್ಕ್ಯಾಗ್ವೆ. 1896ರಲ್ಲಿ ಕೆನಡದ ಕ್ಲಾಂಡೈಕ್ ಪ್ರದೇಶದಲ್ಲಿ ಚಿನ್ನ ಕಂಡಿತೆಂಬ ಸುದ್ದಿ ಹಬ್ಬಿದಾಗ ಸಾವಿರಾರು ಜನ ಈ ದಾರಿಯಲ್ಲಿ ಬೆಟ್ಟ ಹತ್ತಿದರು. ಒಂದು ವರ್ಷಕ್ಕೆ ಸಾಲುವಷ್ಟು, ಸುಮಾರು ಒಂದು ಟನ್ ತೂಕದ ಸಾಮಗ್ರಿಯಿಲ್ಲದೆ ಗಡಿ ದಾಟಲು ಕೆನಡದ ಪೋಲೀಸರು ಬಿಡುತ್ತಿರಲಿಲ್ಲ. ಆ ಹೊರೆ ಹೊತ್ತು ಸತ್ತ ಕುದುರೆಗಳ ಹೆಸರನ್ನು ಕಣಿವೆಯೊಂದರ ದಾರಿ ಇಂದಿಗೂ ಹೊತ್ತಿದೆ. 1898ರಲ್ಲಿ ಆರಂಭಿಸಿ 1900ರಲ್ಲಿ ಮುಗಿಸಿದ ಮೂರಡಿ ಅಗಲದ ಹಳಿಯ ಮೇಲೆ ಈಗ ಪ್ರವಾಸಿಗಳ ರೈಲು ಓಡುತ್ತದೆ. ಇಪ್ಪತ್ತು ಮೈಲಿಗಳೊಳಗೆ ಸುಮಾರು 2,900 ಅಡಿ ಏರುವ ಅದು ಊಟಿಯ ರೈಲನ್ನು ನೆನಪಿಗೆ ತರುತ್ತದೆ. ಅಜ್ಜಿ ಕಿಟಕಿಯ ಪಕ್ಕ ಕುಳಿತು, ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಬೆಟ್ಟದ ತುದಿಯನ್ನು ಗಂಡನೊಡನೆ ಒಂದೇ ಗಳಿಗೆಯಲ್ಲಿ ಕಂಡರು. ಮೇಷ್ಟರಿಗೆ ಅದು ಹೊಳೆಯಲಿಲ್ಲ. ಅವರು ಸೇತುವೆಗಳನ್ನು ಎಣಿಸುತ್ತಿದ್ದರು.

ಐದನೆಯ ದಿನವೇ ಯಾನದ ತಿರುಳು: ಗ್ಲೇಸಿಯರ್ ಬೇ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ತಂಡ ಇಲ್ಲಿಗೆ ಬಂದಾಗ ಕೊಲ್ಲಿಯೆನ್ನುವಷ್ಟು ಕೊಲ್ಲಿ ಇರಲಿಲ್ಲ, ಇದ್ದುದು ಬಹುಮಟ್ಟಿಗೆ ಹಿಮದ ಗೋಡೆ. 1879ರಲ್ಲಿ ಜಾನ್ ಮ್ಯೂರ್ ಬರುವ ವೇಳೆಗೆ ಹಿಮ ಹತ್ತಾರು ಮೈಲಿ ಹಿಂಜರಿದಿತ್ತು. ಈಗ ಬಾಯಿಯಿಂದ ಕೊನೆಯವರೆಗೆ ಸುಮಾರು 65 ಮೈಲಿ ನೀರೇ ನೀರು. ಅದಕ್ಕೂ ಹಿಂದೆ ಇದು ಟ್ಲಿಂಗಿಟ್ ಜನರ ನೆಲೆವೀಡಾಗಿತ್ತು. ಮುನ್ನುಗ್ಗಿದ ಹಿಮನದಿ ಅವರನ್ನು ಎಬ್ಬಿಸಿ ಓಡಿಸಿತು. 2016ರಲ್ಲಿ ಅವರ ಕುಲದ ಮನೆಯೊಂದು ಮತ್ತೆ ಈ ದಡದಲ್ಲಿ ತಲೆಯೆತ್ತಿದೆ. ದಿನಕ್ಕೆ ಎರಡು ದೊಡ್ಡ ಪ್ರವಾಸಿ ಹಡಗುಗಳಿಗೆ ಮಾತ್ರ ಇಲ್ಲಿ ಪ್ರವೇಶ. ರಾಷ್ಟ್ರೀಯ ಉದ್ಯಾನದ ಅಧಿಕಾರಿಗಳು ಸಣ್ಣ ದೋಣಿಯಲ್ಲಿ ಬಂದು, ನಡೆಯುತ್ತಿರುವ ಹಡಗನ್ನು ಏಣಿಯಿಂದಲೇ ಹತ್ತಿ, ಪ್ರಯಾಣಿಕರಿಗೆ ವಿವರಣೆ ಕೊಡುತ್ತಾರೆ.

ದಾರಿಯಲ್ಲಿ ತಿಮಿಂಗಿಲವೊಂದು ಬಾಲವೆತ್ತಿ ಮುಳುಗಿತು. ಗೂನುಬೆನ್ನಿನ ಈ ತಿಮಿಂಗಿಲಗಳಲ್ಲಿ ಬಹುಪಾಲು ಚಳಿಗಾಲದಲ್ಲಿ ಹವಾಯಿಯ ಬೆಚ್ಚನೆಯ ನೀರಿಗೆ ಹೋಗಿ ಮರಿಹಾಕುತ್ತವೆ, ಬೇಸಗೆಯಲ್ಲಿ ಮೇಯಲು ಇಲ್ಲಿಗೆ ಬರುತ್ತವೆ. "ಹಾಗಾದರೆ ಅದು ತವರು, ಇದು ಅತ್ತೆಯ ಮನೆ" ಎಂದರು ಅಜ್ಜಿ. ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಪಕ್ಕದ ಹುಡುಗಿಗೆ ಹೇಳಿ ನಗಿಸಿದಳು.

ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಾಗ ಮೇಷ್ಟರು ಮೇಲಟ್ಟದ ಮೂತಿಯ ಕಡೆ, ದುರ್ಬೀನು ಹಿಡಿದು, ಒಂದು ಗಂಟೆ ಮೊದಲೇ ಹಿಡಿದಿಟ್ಟ ಸ್ಥಾನದಲ್ಲಿದ್ದರು. "ನೀನು ಕೋಣೆಯ ಮುಂದಿನ ಮೊಗಸಾಲೆಯಲ್ಲೇ ಕೂತಿರು, ನಾನು ನೋಡಿ ಬಂದು ಹೇಳುತ್ತೇನೆ" ಎಂಬ ಮಾತು ಆಗಿತ್ತು. ಒಂದು ಮೈಲಿ ಅಗಲ, ನೀರಿನಿಂದ ಸುಮಾರು 250 ಅಡಿ ಎತ್ತರದ ಗೋಡೆ. ಒತ್ತಡದಿಂದ ಗಟ್ಟಿಯಾದ ಹಿಮ ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನಷ್ಟೇ ಹೊರಬಿಡುವುದರಿಂದ, ಬಿರುಕುಗಳಲ್ಲಿ ನವಿಲುಕೊರಳಿನ ಬಣ್ಣ. ಸಾವಿರಾರು ಜನ ಉಸಿರು ಬಿಗಿಹಿಡಿದು ಕಾದರು. ಏನೂ ಬೀಳಲಿಲ್ಲ. ಗಾಳಿ ಕಿವಿ ಕೊರೆಯಿತು. ಮುಕ್ಕಾಲು ಗಂಟೆಯ ಮೇಲೆ ಮೇಷ್ಟರಿಗೆ ಕಾಫಿಯ ನೆನಪಾಯಿತು. ಎರಡೇ ನಿಮಿಷವೆಂದುಕೊಂಡು ಲಿಫ್ಟ್ ಹತ್ತಿದರು.

ಲಿಫ್ಟಿನೊಳಗೆ ಅವರಿಗೆ ಕೇಳಿಸಿದ್ದು ಒಂದು ಗುಡುಗು ಮಾತ್ರ.

ಅವರು ಕೋಣೆಗೆ ಓಡಿಬಂದಾಗ ಹೊರಗೆ ನೀರು ಇನ್ನೂ ಹೊಯ್ದಾಡುತ್ತಿತ್ತು. ಎಲ್ಲ ಪಕ್ಕದವರಿಗೂ ಕಾಣಲೆಂದು ಕಪ್ತಾನನು ಹಡಗನ್ನು ನಿಂತಲ್ಲಿಯೇ ಮೆಲ್ಲನೆ ಸುತ್ತ ತಿರುಗಿಸುತ್ತಾನೆ. ಇಲ್ಲಿ ಯಾರೂ ಬೆಟ್ಟವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಕುಳಿತವರ ಮುಂದೆ ಬೆಟ್ಟವೇ ಬಂದು ನಿಲ್ಲುತ್ತದೆ. ಅಜ್ಜಿಯ ಕುರ್ಚಿಯ ನೇರಕ್ಕೆ ಅದು ಬಂದು ನಿಂತಿದ್ದ ಗಳಿಗೆಯಲ್ಲಿಯೇ ಗೋಡೆ ಕಳಚಿತ್ತು.

"ಬಿದ್ದಿತೆ?" ಎಂದರು ಮೇಷ್ಟರು, ಬಾಗಿಲ ಚೌಕಟ್ಟು ಹಿಡಿದು.

ಆಕೆಯ ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ನಗೆಯಿತ್ತು. "ಕೂತುಕೊಳ್ಳಿ, ಹೇಳುತ್ತೇನೆ" ಎಂದರು. "ಮೊದಲು ಬಿದ್ದದ್ದು ಕಾಣಿಸಿತು, ಸದ್ದು ಆಮೇಲೆ ಬಂತು. ನಮ್ಮ ದೇವಸ್ಥಾನದ ಗೋಪುರದಷ್ಟು ದೊಡ್ಡದು, ಆತುರವೇ ಇಲ್ಲದೆ, ನಿಂತ ಹಾಗೇ ಕುಸಿಯಿತು. ನೀರು ಎದ್ದು ಅದನ್ನು ಎತ್ತಿಕೊಂಡ ಹಾಗಾಯಿತು..."

ಮೇಷ್ಟರು ಕುಳಿತು ಕೇಳಿದರು. ನಲವತ್ತೆಂಟು ವರ್ಷಗಳ ದಾಂಪತ್ಯದಲ್ಲಿ ತಾವು ಕಾಣದುದನ್ನು ಹೆಂಡತಿಯ ಬಾಯಿಂದ ಅವರು ಕೇಳಿದ್ದು ಅದೇ ಮೊದಲು. ವರ್ಣನೆ ಚೆನ್ನಾಗಿಯೇ ಇತ್ತು. ಆದರೆ ಕೇಳುವುದು ಕಾಣುವುದಲ್ಲವೆಂಬುದು ಆ ಹತ್ತು ನಿಮಿಷಗಳಲ್ಲಿ ಅವರಿಗೆ ಮನದಟ್ಟಾಯಿತು. ಶ್ರವಣಬೆಳಗೊಳ, ಮೇಲುಕೋಟೆ, ಮೊನ್ನೆಯ ಜಲಪಾತ ಎಲ್ಲವೂ ಒಂದೊಂದಾಗಿ ನೆನಪಿಗೆ ಬಂದುವು. ಅವರು ಏನೂ ಹೇಳಲಿಲ್ಲ. ಆ ದಿನ ಸಂಜೆಯವರೆಗೆ ಕುರ್ಚಿಯನ್ನು ಬಿಟ್ಟು ಏಳಲೂ ಇಲ್ಲ.

ಮರುದಿನ ಕೆಚಿಕಾನ್. ವರ್ಷಕ್ಕೆ 140 ಅಂಗುಲಕ್ಕೂ ಮೀರಿ ಮಳೆ ಸುರಿಯುವ ಊರೆಂದು ಅಲ್ಲಿಯವರಿಗೆ ಹೆಮ್ಮೆ. ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿ, ಆಗುಂಬೆಯ ಮಳೆಯನ್ನು ಬಲ್ಲ ಅಜ್ಜಿ, "ಇದಕ್ಕೆ ಇಷ್ಟು ಜಂಬವೆ?" ಎಂದು ಕೊಡೆ ಬಿಚ್ಚಿದರು. ದೇವದಾರು ಮರದಲ್ಲಿ ಕೆತ್ತಿದ ಎತ್ತರದ ಕಂಬಗಳು ಇಲ್ಲಿ ಹೇರಳ. ಗರುಡ, ಕಾಗೆ, ಕರಡಿಗಳ ರೂಪಗಳು ಅದರಲ್ಲಿ ಒಂದರ ಮೇಲೊಂದು. ಅವು ಪೂಜೆಯ ದೇವರುಗಳಲ್ಲ. ಮನೆತನದ ಕಥೆಯನ್ನೂ ಗತಿಸಿದವರ ನೆನಪನ್ನೂ ಸಾರುವ ಗುರುತುಗಳು, ನಮ್ಮ ವೀರಗಲ್ಲುಗಳಿದ್ದ ಹಾಗೆ. ಮೊಮ್ಮಕ್ಕಳು ಮುಂದೆ ಓಡಿ, "ತಾತ, ಬೇಗ ಬನ್ನಿ!" ಎಂದು ಕೂಗಿದರು. ಮೇಷ್ಟರು ಹೆಜ್ಜೆಗೆ ಹೆಜ್ಜೆ ಅಳೆದು ಹೆಂಡತಿಯ ಪಕ್ಕದಲ್ಲಿ ನಡೆಯುತ್ತಿದ್ದರು. "ನೀವು ನೋಡಿ ಬಂದು ಹೇಳಿ" ಎಂದು ಮೊಮ್ಮಕ್ಕಳಿಗೆ ಉತ್ತರ ಕೊಟ್ಟರು.

ಏಳನೆಯ ಸಂಜೆ ಹಡಗು ಕೆನಡದ ವಿಕ್ಟೋರಿಯದಲ್ಲಿ ಕೆಲವು ಗಂಟೆ ನಿಂತಿತು. ಅದಕ್ಕೆ ಕಾರಣ ಊರಿನ ಚೆಲುವೊಂದೇ ಅಲ್ಲ. ಪರದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವುದಾದರೆ ನಡುವೆ ಬೇರೆ ದೇಶವೊಂದನ್ನು ಮುಟ್ಟಲೇಬೇಕೆಂಬುದು 1886ರ ಕಾನೂನಿನ ಫಲ.

ಬೆಳಗ್ಗೆ ಸಿಯಾಟಲ್‌ನಲ್ಲಿ ಚೀಟಿ ತೋರಿಸಿ ಕೆಟಲನ್ನು ಬಿಡಿಸಿಕೊಂಡಾಯಿತು. ಉಡುಪಿಯ ಹುಡುಗನು ಅಜ್ಜಿಯ ಕಾಲಿಗೆರಗಿ ಡಬ್ಬಿಯನ್ನು ತೊಳೆದು ಹಿಂದಿರುಗಿಸಿದನು. ಊರಿಗೆ ಮರಳಲು ಆತನಿಗೆ ಇನ್ನೆರಡು ತಿಂಗಳಿತ್ತು.

ಮೈಸೂರಿಗೆ ಬಂದ ಮೇಲೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ವಾಯುಸೇವನೆಯ ಗೆಳೆಯರು ಮೇಷ್ಟರನ್ನು ಸುತ್ತುವರಿದರು. ಹಿಮದ ಬೆಟ್ಟ ಸಮುದ್ರಕ್ಕೆ ಕಳಚಿ ಬೀಳುವುದಂತೆ, ಅದು ಹೇಗಿರುತ್ತದೆ, ವರ್ಣಿಸಿ ಎಂದು ಹಿಡಿದುಕೊಂಡರು. ಮೇಷ್ಟರು ಒಂದು ಕ್ಷಣ ನೀರನ್ನು ನೋಡುತ್ತ ನಿಂತರು.

"ಸಂಜೆ ಮನೆಗೆ ಬನ್ನಿ" ಎಂದರು. "ಅದನ್ನು ನೋಡಿದವಳು ಅವಳು. ಅವಳೇ ಹೇಳುತ್ತಾಳೆ."