ಒಂಬತ್ತು ಅಂಗಿಗಳ ಆಟಗಾರ

2022ರ ಜನವರಿಯಲ್ಲಿ ನಾನು ಮಗಳ ಬಾಣಂತನದ ನಿಮಿತ್ತ ಅಮೆರಿಕದ ಬಫಲೊ ನಗರದಲ್ಲಿದ್ದೆ. ಕೆಲಸವೆಲ್ಲ ನನ್ನಾಕೆಯದು, ನನ್ನದು ಕಿಟಕಿಯ ಬಳಿ ಕುಳಿತು ಹಿಮ ನೋಡುವ ಉದ್ಯೋಗ. ಒಂದು ಬೆಳಿಗ್ಗೆ ಅಳಿಯಂದಿರು ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಹಿಂದಿನ ರಾತ್ರಿ, ಅಂದರೆ ಜನವರಿ 15ರಂದು, ಊರಿನ ಫುಟ್‌ಬಾಲ್ ತಂಡ ಬಫಲೊ ಬಿಲ್ಸ್ ನಾಕೌಟ್ ಹಂತದ ಪಂದ್ಯವೊಂದನ್ನು 47-17ರಿಂದ ಗೆದ್ದಿತ್ತು. ಚಳಿ ಶೂನ್ಯಕ್ಕಿಂತ ಹತ್ತು ಡಿಗ್ರಿಗೂ ಕೆಳಗೆ. ಆ ಚಳಿಯಲ್ಲಿ ಪ್ರೇಕ್ಷಕರ ನಡುವೆ ಪೊದೆಗಡ್ಡದ ಮನುಷ್ಯನೊಬ್ಬ ಅಂಗಿಯನ್ನೇ ಕಳಚಿ ಕೇಕೆ ಹಾಕುತ್ತಿದ್ದ.

"ಯಾರೋ ಕುಡಿದವನಿರಬೇಕು" ಎಂದೆ.

"ಅಲ್ಲ ಮಾವ, ಇವನು ರಯಾನ್ ಫಿಟ್ಜ್‌ಪ್ಯಾಟ್ರಿಕ್. ಒಂದು ಕಾಲಕ್ಕೆ ಇದೇ ತಂಡದ ಕ್ವಾರ್ಟರ್‌ಬ್ಯಾಕ್" ಎಂದರು.

ಆ ದೇಶದ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲವೆಂಬುದು ಓದುಗರಿಗೆ ತಿಳಿದೇ ಇದೆ. ಕ್ವಾರ್ಟರ್‌ಬ್ಯಾಕ್ ಎಂದರೆ ಎದುರಾಳಿಗಳು ಮೈಮೇಲೆ ಬಿದ್ದು ನೆಲಕ್ಕೆ ಕೆಡಹುವ ಮೊದಲು, ಎರಡು ಮೂರು ಕ್ಷಣಗಳಲ್ಲಿ, ಓಡುತ್ತಿರುವ ಜೊತೆಗಾರನ ಕೈಗೆ ಚೆಂಡು ಎಸೆಯಬೇಕಾದವನು. ತಂಡದಲ್ಲಿ ಈ ಕೆಲಸ ಬಲ್ಲವರು ಇಬ್ಬರು ಮೂವರಿದ್ದರೂ ಅಂಗಣದಲ್ಲಿರುವವನು ಒಬ್ಬನೇ. ಉಳಿದವರು ಗೆರೆಯಾಚೆ ನಿಂತಿರುತ್ತಾರೆ.

ಫಿಟ್ಜ್‌ಪ್ಯಾಟ್ರಿಕ್ ಹಾರ್ವರ್ಡಿನಲ್ಲಿ ಅರ್ಥಶಾಸ್ತ್ರ ಓದಿದವನು. 2005ರಲ್ಲಿ ತಂಡಗಳು ಹೊಸಬರನ್ನು ಆರಿಸಿಕೊಂಡಾಗ 255 ಮಂದಿಯಲ್ಲಿ ಅವನ ಸರದಿ 250ನೆಯದು. ಸೇಂಟ್ ಲೂಯಿಸ್, ಸಿನ್ಸಿನಾಟಿ, ಬಫಲೊ, ಟೆನೆಸಿ, ಹ್ಯೂಸ್ಟನ್, ನ್ಯೂಯಾರ್ಕ್ ಜೆಟ್ಸ್, ಟ್ಯಾಂಪಾ ಬೇ, ಮಯಾಮಿ, ಕಡೆಗೆ ವಾಷಿಂಗ್ಟನ್ — ಹದಿನೇಳು ವರ್ಷಗಳಲ್ಲಿ ಒಂಬತ್ತು ತಂಡಗಳು. ಈ ಒಂಬತ್ತೂ ತಂಡಗಳಿಗೆ ಪಂದ್ಯದ ಆರಂಭದಿಂದಲೇ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದವನು ಆ ಲೀಗಿನ ಇತಿಹಾಸದಲ್ಲಿ ಅವನೊಬ್ಬನೇ. ಇಂಥವನನ್ನು ಅಲ್ಲಿ 'ಜರ್ನಿಮ್ಯಾನ್' ಎನ್ನುತ್ತಾರೆ. ಇಂಗ್ಲಿಷ್ ಮೇಷ್ಟ್ರ ಚಪಲದಿಂದ ಹೇಳುತ್ತಿದ್ದೇನೆ: ಆ ಪದಕ್ಕೂ ಪ್ರಯಾಣಕ್ಕೂ ನೇರ ಸಂಬಂಧವಿಲ್ಲ. ಮೂಲದಲ್ಲಿ ಅದು 'ಒಂದು ದಿನದ ದುಡಿಮೆ' ಎಂಬ ಫ್ರೆಂಚ್ ಪದ. ಕಸುಬು ಕಲಿತಿದ್ದರೂ ಸ್ವಂತ ಅಂಗಡಿಯಿಲ್ಲದೆ ಪರರ ಬಳಿ ದಿನಗೂಲಿಗೆ ದುಡಿಯುವವನು ಜರ್ನಿಮ್ಯಾನ್. ಕೋಟ್ಯಂತರ ಡಾಲರ್ ಗಳಿಸಿದವನನ್ನು ದಿನಗೂಲಿಯವನೆನ್ನುವುದು ವಿನೋದವೇ ಸರಿ. ಆದರೆ ಹುದ್ದೆಯ ಅಭದ್ರತೆ ಮಾತ್ರ ಸುಳ್ಳಲ್ಲ. 2011ರಲ್ಲಿ ಆರು ವರ್ಷಗಳ ಒಪ್ಪಂದ ಮಾಡಿಕೊಂಡ ಬಫಲೊ 2013ರಲ್ಲಿ ಅವನನ್ನು ಕೈಬಿಟ್ಟಿತು.

ಆ ತಂಡದ ಅಂಗಣ ಇರುವುದು ಆರ್ಚರ್ಡ್ ಪಾರ್ಕಿನಲ್ಲಿ. ಅವನ ಹಣೆಬರಹ ಅಲ್ಲಿಗೇ ಮತ್ತೆ ಮತ್ತೆ ಎಳೆದು ತರುತ್ತಿತ್ತು. 2015ರ ಋತುವಿನಲ್ಲಿ ಜೆಟ್ಸ್ ಪರವಾಗಿ 31 ಟಚ್‌ಡೌನ್ ಎಸೆತಗಳನ್ನೆಸೆದು ಆ ತಂಡದ ದಾಖಲೆ ಮಾಡಿದ್ದ. ಕೊನೆಯ ಪಂದ್ಯ ಗೆದ್ದರೆ ನಾಕೌಟ್ ಹಂತ ಖಚಿತ. 2016ರ ಜನವರಿ 3ರಂದು, ಅದೇ ಆರ್ಚರ್ಡ್ ಪಾರ್ಕಿನಲ್ಲಿ, ತನ್ನನ್ನು ಕೈಬಿಟ್ಟವರ ಎದುರು, ಕೊನೆಯ ಕಾಲು ಭಾಗದಲ್ಲಿ ಮೂರು ಬಾರಿ ಚೆಂಡನ್ನು ಎದುರಾಳಿಗಳ ಕೈಗಿತ್ತ. 22-17ರಿಂದ ಸೋತರು. ಹದಿನೇಳು ವರ್ಷಗಳಲ್ಲಿ ಅವನು ನಾಕೌಟ್ ಹಂತದ ಒಂದು ಪಂದ್ಯವನ್ನೂ ಆಡಲಿಲ್ಲ.

ಅಂಥವನು ಅದೇ ಅಂಗಣದಲ್ಲಿ, ಅದೇ ತಂಡ ಆ ಹಂತದ ಪಂದ್ಯ ಗೆದ್ದಾಗ, ಬರಿಮೈಯಲ್ಲಿ ಕೇಕೆ ಹಾಕುತ್ತಿದ್ದಾನೆ! ನಾನು ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ.

ಅಳಿಯಂದಿರು ಮತ್ತೊಂದು ದೃಶ್ಯ ಹುಡುಕಿ ತೋರಿಸಿದರು. 2020ರಲ್ಲಿ ಅವನು ಮಯಾಮಿಯಲ್ಲಿದ್ದ. ತಂಡವು ಟೂವಾ ಟಾಗೊವೈಲೋವಾ ಎಂಬ ತರುಣನನ್ನು ಆರಿಸಿ ತಂದಿತ್ತು. ಆತ ಸಿದ್ಧನಾಗುವವರೆಗೆ ಇವನು. ಅಕ್ಟೋಬರ್ 18ರಂದು ಗೆಲುವು ಖಚಿತವಾದ ಮೇಲೆ ಆ ಹುಡುಗನನ್ನು ಮೊದಲ ಬಾರಿಗೆ ಅಂಗಣಕ್ಕಿಳಿಸಿದಾಗ, ಗೆರೆಯಾಚೆ ನಿಂತ ಫಿಟ್ಜ್‌ಪ್ಯಾಟ್ರಿಕ್ ಎರಡೂ ಕೈಯೆತ್ತಿ 'ಚಪ್ಪಾಳೆ ಹೊಡೆಯಿರಿ' ಎಂದು ಪ್ರೇಕ್ಷಕರನ್ನು ಹುರಿದುಂಬಿಸುತ್ತಿದ್ದಾನೆ. ಎರಡೇ ದಿನಗಳಲ್ಲಿ ಸ್ಥಾನ ಹುಡುಗನದಾಯಿತು. ತನಗೆ ಎದೆಯೊಡೆದಂತಾಯಿತೆಂದು ಫಿಟ್ಜ್‌ಪ್ಯಾಟ್ರಿಕ್ ಮುಚ್ಚುಮರೆಯಿಲ್ಲದೆ ಹೇಳಿದ. ಡಿಸೆಂಬರ್ 26ರಂದು ಲಾಸ್ ವೇಗಸ್‌ನಲ್ಲಿ ಸೋಲು ಸಮೀಪಿಸಿದಾಗ ಮತ್ತೆ ಅವನನ್ನೇ ಕರೆದರು. ಉಳಿದದ್ದು 19 ಸೆಕೆಂಡು. ಎದುರಾಳಿಯೊಬ್ಬ ಶಿರಸ್ತ್ರಾಣದ ಕಂಬಿ ಹಿಡಿದು ಕತ್ತು ತಿರುಚಿದ್ದಾನೆ, ಕಣ್ಣಿಗೆ ಮುಂದಿನದೇನೂ ಕಾಣುವಂತಿಲ್ಲ. ಆದರೂ ಎಸೆದ ಚೆಂಡು 34 ಗಜ ದೂರದ ಲೆಕ್ಕಕ್ಕೆ ಜೊತೆಗಾರನ ಕೈಸೇರಿತು. ತಂಡ 26-25ರಿಂದ ಗೆದ್ದಿತು. ಮುಂದಿನ ಪಂದ್ಯದ ಹೊತ್ತಿಗೆ ಅವನಿಗೆ ಕೊರೊನಾ ತಗುಲಿತು. 2021ರ ಜನವರಿ 3ರಂದು, ಮತ್ತೆ ಆರ್ಚರ್ಡ್ ಪಾರ್ಕಿನಲ್ಲಿ, ಅವನಿಲ್ಲದ ತಂಡ 56-26ರಿಂದ ಸೋತು ಹೊರಬಿತ್ತು.

"ಯಾಕೆ ಮಾವ, ಸುಮ್ಮನಾದಿರಿ?" ಎಂದರು ಅಳಿಯಂದಿರು.

ನನ್ನ ಕಣ್ಣಲ್ಲಿ ನಿಂತದ್ದು ಆ ಎಸೆತವಲ್ಲ, ಚಪ್ಪಾಳೆಗಾಗಿ ಮೇಲೆತ್ತಿದ ಆ ಕೈಗಳು. ನಾನು ಮೂರು ಶಾಲೆಗಳಲ್ಲಿ ಪ್ರಭಾರಿ ಮುಖ್ಯೋಪಾಧ್ಯಾಯನಾಗಿದ್ದವನು. ಪ್ರತಿ ಬಾರಿಯೂ ಯಾರೋ ಬರುವವರೆಗೆ. ಎರಡನೆಯ ಶಾಲೆಯಲ್ಲಿ ಎರಡೂವರೆ ವರ್ಷ ದುಡಿದಿದ್ದೆ, ಹುದ್ದೆ ನನಗೇ ಖಾಯಂ ಆಗುವುದೆಂದು ನಂಬಿದ್ದೆ. ಬಂದವರು ನನಗಿಂತ ಹದಿಮೂರು ವರ್ಷ ಚಿಕ್ಕವರು. ಬೀಗದ ಕೈಗೊಂಚಲು, ನಗದು ಪುಸ್ತಕ, ಹಾಜರಿ ಪುಸ್ತಕಗಳನ್ನು ಪಟ್ಟಿಯ ಪ್ರಕಾರ ಒಪ್ಪಿಸಿ ಸಹಿ ಪಡೆದೆ. ಹತ್ತನೆಯ ತರಗತಿಯ ಪರೀಕ್ಷಾ ಅರ್ಜಿಗಳ ಕಾಲ. ಅವರು ಸಂಕೋಚದಿಂದಲೇ, "ಸಾರ್, ಇದನ್ನು ಹೇಗೆ ಮಾಡುತ್ತಿದ್ದಿರಿ, ಸ್ವಲ್ಪ ಜೊತೆಗಿರುತ್ತೀರಾ?" ಎಂದು ಕೇಳಿದರು. "ಎಲ್ಲವೂ ಕಡತದಲ್ಲಿದೆ, ನೋಡಿಕೊಳ್ಳಿ" ಎಂದು ಐದು ಗಂಟೆಯ ಬಸ್ಸು ಹಿಡಿದೆ. ಆ ವಾರವೆಲ್ಲ ಕಚೇರಿಯ ದೀಪ ರಾತ್ರಿ ಒಂಬತ್ತರವರೆಗೂ ಉರಿಯುತ್ತಿತ್ತೆಂದು ಜವಾನ ಹೇಳಿದ. ಕೇಳಿ ನನಗೆ ಸಂತೋಷವಾಗಿತ್ತು. ಇದನ್ನು ನನ್ನಾಕೆಗೂ ಹೇಳಿಲ್ಲ.

ಅಳಿಯಂದಿರಿಗೆ "ಏನಿಲ್ಲ" ಎಂದೆ.

ಫಿಟ್ಜ್‌ಪ್ಯಾಟ್ರಿಕ್ ಆ ವೇಳೆಗೆ ವಾಷಿಂಗ್ಟನ್ ತಂಡದವನು. 2021ರ ಸೆಪ್ಟೆಂಬರಿನ ಮೊದಲ ಪಂದ್ಯದಲ್ಲೇ ಸೊಂಟದ ಕೀಲಿಗೆ ಪೆಟ್ಟುಬಿದ್ದು ಹೊರಗುಳಿದಿದ್ದ. 2022ರ ಜೂನ್‌ನಲ್ಲಿ, ನಾನು ಊರಿಗೆ ಮರಳಿದ ಮೇಲೆ, ನಿವೃತ್ತನಾದ ಸುದ್ದಿ ಬಂತು. ತಾನು ಆರಂಭಿಸಿದ ಪಂದ್ಯಗಳಲ್ಲಿ 59 ಗೆಲುವು, 87 ಸೋಲು, ಒಂದು ಸಮ. ಎಸೆದ ಒಟ್ಟು ದೂರ 34,990 ಗಜ; ಮೂವತ್ತೈದು ಸಾವಿರಕ್ಕೆ ಹತ್ತೇ ಗಜ ಕಡಿಮೆ.

ಆ ವಾರವೇ ಹಳೆಯ ಮುಖ್ಯೋಪಾಧ್ಯಾಯರ ನಂಬರು ಹುಡುಕಿ ಫೋನ್ ಮಾಡಿದೆ. ಮಳೆ, ಮಕ್ಕಳು, ಪಿಂಚಣಿ ಎಂದೆಲ್ಲ ಇಪ್ಪತ್ತು ನಿಮಿಷ ಮಾತಾಡಿದೆವು. ಹೇಳಬೇಕೆಂದಿದ್ದುದು ಬಾಯಿಗೆ ಬರಲಿಲ್ಲ. ಅವರು ಮೂರು ಬಾರಿ "ಹೇಳಿ ಸಾರ್" ಎಂದರು. ಈ ಬರಹವನ್ನು ಅವರಿಗೆ ಕಳುಹಿಸುತ್ತಿದ್ದೇನೆ.