ಅಳತೆ ಪುಸ್ತಕದ ಚರಂಡಿ

ಹಿಟ್ಟಿನ ಗಿರಣಿಗೆ ಚರಂಡಿ ನೀರು ನುಗ್ಗಿದರೆ ಏನಾಗುತ್ತದೆ ಅನ್ನುವುದು ಗಿರಣಿ ಇಟ್ಟವರಿಗೇ ಗೊತ್ತು. ಮೋಟರು ಸುಟ್ಟರೆ ರೀವೈಂಡಿಂಗ್ ಮಾಡಿಸಬಹುದು, ಬೆಲ್ಟು ಹೋದರೆ ಹೊಸದು ತರಬಹುದು. ಜನ ಬೀಸಲು ಬಿಟ್ಟುಹೋದ ರಾಗಿ, ಜೋಳ, ಗೋಧಿಯ ಚೀಲಗಳು ಆ ನೀರಲ್ಲಿ ನೆಂದರೆ ಅವಕ್ಕೆ ದುಡ್ಡು ಕಟ್ಟಿಕೊಡಬೇಕು. ಕಟ್ಟಿಕೊಟ್ಟರೂ ಅವರಲ್ಲಿ ಅರ್ಧ ಜನ ಮತ್ತೆ ಬರುವುದಿಲ್ಲ. ಗಿರಣಿಯೊಳಗೆ ಗಲೀಜು ನೀರು ನಿಂತಿತ್ತಂತೆ ಎಂಬ ಮಾತು ಊರಲ್ಲಿ ಒಮ್ಮೆ ಓಡಾಡಿದರೆ ಮುಗಿಯಿತು. 2019ರ ಆಗಸ್ಟಿನ ಮಳೆಗೆ ಕರ್ನಾಟಕದಲ್ಲಿ ಊರಿಗೆ ಊರೇ ಮುಳುಗಿದವು. ಅವರ ಕಷ್ಟದ ಮುಂದೆ ನಮ್ಮದು ಸಣ್ಣದು. ಆದರೆ ನಮ್ಮ ನಷ್ಟಕ್ಕೆ ಮಳೆಯನ್ನು ದೂರುವ ಹಾಗಿರಲಿಲ್ಲ. ನಮ್ಮ ಬೀದಿಯಲ್ಲಿ ಚರಂಡಿ ಅರ್ಧಕ್ಕೇ ನಿಂತಿತ್ತು.

ನಮ್ಮದು ಮಧ್ಯ ಕರ್ನಾಟಕದ ಒಂದು ಪುರಸಭೆ ಊರು. ಬೀದಿ ತಗ್ಗಿನಲ್ಲಿದೆ. ಮೇಲಿನ ಬಡಾವಣೆಗಳ ಬಚ್ಚಲು ನೀರು, ಮಳೆ ನೀರು ಎಲ್ಲ ಇಲ್ಲಿಂದಲೇ ಹಾದು ಹಳ್ಳ ಸೇರಬೇಕು. ಹಿಂದಿನ ವರ್ಷ ಆರ್‌ಸಿಸಿ ಚರಂಡಿ ಕೆಲಸ ಶುರುವಾಗಿ ಕಿರಾಣಿ ಅಂಗಡಿಯವರೆಗೆ ಬಂದು ನಿಂತುಹೋಯಿತು. ಅಲ್ಲಿಂದ ನಮ್ಮ ಗಿರಣಿ ದಾಟಿ ಹಳ್ಳದವರೆಗೆ ಹಳೆಯ ಮಣ್ಣಿನ ಕಾಲುವೆಯೇ ಇತ್ತು. ಕಾಂಕ್ರೀಟಿನೊಳಗೆ ರಭಸವಾಗಿ ಇಳಿದ ನೀರು ಅದು ಮುಗಿಯುವ ಕಡೆ ರಸ್ತೆಗೆ ಉಕ್ಕಿ ನೇರ ನಮ್ಮ ಬಾಗಿಲಿಗೆ ಬಂತು. ನೀರಿನ ಟ್ಯಾಂಕಿನ ಗೋಡೆಗೆ ಕಾಮಗಾರಿ ಫಲಕ ಬರೆದಿದ್ದರು: ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಕೆಳಗೆ ಕಾಮಗಾರಿ ಪೂರ್ಣಗೊಂಡ ದಿನಾಂಕ. ಆ ದಿನಾಂಕ ಕಳೆದು ಆಗಲೇ ತಿಂಗಳುಗಳಾಗಿದ್ದವು.

ಮೊದಲು ವಾರ್ಡಿನ ಸದಸ್ಯರ ಮನೆಗೆ ಹೋದೆ. ಅವರು ಒಳ್ಳೆಯವರೇ. “ಅಕ್ಕಾ, ನೀವು ವೋಟು ಹಾಕಿ ಗೆಲ್ಲಿಸಿದ್ರಿ, ಖರೇ. ಆದ್ರೆ ನಾವಿನ್ನೂ ಒಂದು ಮೀಟಿಂಗಲ್ಲೂ ಕೂತಿಲ್ಲ” ಅಂದರು. ಅದು ನಿಜವಾಗಿತ್ತು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆದು ಸೆಪ್ಟೆಂಬರಿನಲ್ಲಿ ಫಲಿತಾಂಶವೂ ಬಂದಿತ್ತು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿಯ ತಕರಾರು ಹೈಕೋರ್ಟಿಗೆ ಹೋಗಿ, 2020ರ ಕೊನೆಯವರೆಗೂ ಎಷ್ಟೋ ಊರುಗಳಲ್ಲಿ ಗೆದ್ದವರು ಮನೆಯಲ್ಲೇ ಉಳಿದರು. ಉಪವಿಭಾಗಾಧಿಕಾರಿಗಳೇ ಆಡಳಿತಾಧಿಕಾರಿ. ಎರಡು ವರ್ಷ ಊರಿನ ಹಣ ಎಲ್ಲಿ ಖರ್ಚಾಯಿತು ಎಂದು ಸಭೆಯಲ್ಲಿ ಎದ್ದು ನಿಂತು ಕೇಳುವವರು ಇರಲಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಊರಿನ ಆಡಳಿತವನ್ನು ಊರಿನವರ ಕೈಗೆ ಕೊಡಲೆಂದೇ ಬಂದದ್ದು. ಗೆದ್ದ ಸದಸ್ಯರೊಬ್ಬರು ಕೈಚೆಲ್ಲಿ ಕೂತಿದ್ದನ್ನು ನೋಡಿದಾಗ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು.

ಪುರಸಭೆಯಲ್ಲಿ ಕಿರಿಯ ಎಂಜಿನಿಯರ್ ಸಿಕ್ಕರು. “ಅನುದಾನ ಬಂದಾಗ ಮುಂದುವರಿಸ್ತೀವಿ ಅಮ್ಮ” ಅಂದರು. ಪೂರ್ಣಗೊಂಡಿದೆ ಅಂತ ಬೋರ್ಡಿನಲ್ಲಿ ಬರೆದಿದೆಯಲ್ಲ ಸಾರ್ ಅಂದೆ. ಅವರು ಫೋನು ಎತ್ತಿಕೊಂಡು ಎದ್ದುಹೋದರು.

ನಮ್ಮ ಓಣಿಯಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರೊಬ್ಬರಿದ್ದಾರೆ. ಹಿಟ್ಟಿಗೆ ಬಂದಾಗ ಎಲ್ಲ ಹೇಳಿಕೊಂಡೆ. “ಬೋರ್ಡು ನೋಡಿ ಏನೂ ಸಿಗಲ್ಲ ತಂಗಿ, ಎಂ.ಬಿ. ನೋಡಬೇಕು” ಅಂದರು. ಎಂ.ಬಿ. ಅಂದರೆ ಅಳತೆ ಪುಸ್ತಕ. ಯಾವ ಕೆಲಸ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಆಯಿತು ಎಂದು ಎಂಜಿನಿಯರ್ ಸ್ಥಳದಲ್ಲಿ ಅಳೆದು ಬರೆಯುವ ಪುಸ್ತಕ. ಅದರ ಮೇಲೆಯೇ ಬಿಲ್ಲು ಆಗುವುದು. ಅದರಲ್ಲಿ ಇಲ್ಲದ ಕೆಲಸಕ್ಕೆ ದುಡ್ಡು ಹುಟ್ಟುವುದಿಲ್ಲ. ಅದರಲ್ಲಿ ಬರೆದುಬಿಟ್ಟರೆ ಆಗದ ಕೆಲಸಕ್ಕೂ ಹುಟ್ಟುತ್ತದೆ.

ಅವರೇ ಅರ್ಜಿ ಬರೆಯುವುದನ್ನು ಹೇಳಿಕೊಟ್ಟರು. 2005ರ ಮಾಹಿತಿ ಹಕ್ಕು ಕಾಯ್ದೆ, ನಮೂನೆ-ಎ, 10 ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಅಂತ ಇದೆ. ಅದನ್ನೇ ನೆಪ ಮಾಡಿ ಅರ್ಜಿ ವಾಪಸು ಕಳಿಸುತ್ತಾರೆ ಎಂದು ಎಚ್ಚರಿಸಿ, ಬೇಡದ ಮಾತನ್ನೆಲ್ಲ ಹೊಡೆದುಹಾಕಿಸಿದರು. ಕೊನೆಗೆ ಉಳಿದದ್ದು ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿ ಬಿಲ್ಲು, ಕಡತದಲ್ಲಿರುವ ಫೋಟೊಗಳು. ಟಪಾಲು ವಿಭಾಗದಲ್ಲಿ “ಸಾಹೇಬರು ಇಲ್ಲ, ನಾಳೆ ಬನ್ನಿ” ಅಂದರು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.

ಕಾಯ್ದೆ ಕೊಟ್ಟ 30 ದಿನ ಮುಗಿದ ಮೇಲೆ ಹಿಂಬರಹ ಬಂತು. ತಾವು ಕೋರಿರುವ ಮಾಹಿತಿಯು ಮೂರನೇ ವ್ಯಕ್ತಿಗೆ ಸಂಬಂಧಿಸಿದ್ದಾಗಿದ್ದು ನೀಡಲು ಅವಕಾಶವಿರುವುದಿಲ್ಲ, ಅಷ್ಟೇ. ಪುರಸಭೆಯ ಹಣ, ಪುರಸಭೆಯ ರಸ್ತೆ, ಪುರಸಭೆಯ ಎಂಜಿನಿಯರ್ ಬರೆದ ಅಳತೆ. ಅದರಲ್ಲಿ ಮೂರನೇ ವ್ಯಕ್ತಿಯ ಗುಟ್ಟು ಯಾವುದು ಎಂದು ಇವತ್ತಿಗೂ ಯಾರೂ ನನಗೆ ಹೇಳಿಲ್ಲ. ಮುಖ್ಯಾಧಿಕಾರಿಗೆ ಪ್ರಥಮ ಮೇಲ್ಮನವಿ ಹಾಕಿದೆ.

ಕಷ್ಟ ಶುರುವಾದದ್ದು ಅದರ ನಂತರ.

ಗುತ್ತಿಗೆದಾರರು ಗಿರಣಿಗೇ ಬಂದರು. ನಾನು ರಾಗಿ ಸುರಿಯುತ್ತಾ ನಿಂತಿದ್ದೆ. ನನ್ನ ಕಡೆ ನೋಡದೆ ನಮ್ಮ ಯಜಮಾನರ ಜೊತೆ ಮಾತಾಡಿದರು. “ಅಣ್ಣಾ, ಊರಲ್ಲಿ ದಿನಾ ಮುಖ ನೋಡಬೇಕಾದವರು ನಾವು. ಹೆಣ್ಣುಮಕ್ಕಳನ್ನ ಮುಂದೆ ಬಿಟ್ಟು ಇದೆಲ್ಲ ಯಾಕೆ ಮಾಡಿಸ್ತೀರಿ? ಎರಡು ಲೋಡು ಮಣ್ಣು ಹಾಕಿಸ್ತೀನಿ, ನೀರು ಈ ಕಡೆ ಬರಲ್ಲ.” ಬೆದರಿಕೆಯ ಮಾತು ಒಂದೂ ಆಡಲಿಲ್ಲ. ಅವರು ಹೋದ ಮೇಲೆ ಯಜಮಾನರು ರಾತ್ರಿಯವರೆಗೂ ಬಾಯಿಬಿಡಲಿಲ್ಲ. ಕೊನೆಗೆ “ಆ ಮಣ್ಣು ಹಾಕಿಸ್ಕೊಂಡ್ರೆ ನೀರು ಪಕ್ಕದ ಮನೆಗೆ ಹೋಗುತ್ತೆ. ಅಲ್ಲಿ ಬಾಣಂತಿ ಇದ್ದಾಳೆ” ಅಂದರು. ನನಗೆ ಬೇಕಾಗಿದ್ದ ಧೈರ್ಯ ಆ ಮಾತಿನಲ್ಲಿ ಸಿಕ್ಕಿತು.

ಉದ್ದಿಮೆ ಪರವಾನಗಿಯನ್ನು ವರ್ಷ ವರ್ಷವೂ ನವೀಕರಿಸಬೇಕಿತ್ತು. ಅದುವರೆಗೆ ಎಂದೂ ತೊಂದರೆ ಆಗಿರಲಿಲ್ಲ. ಆ ಸಲ ಕಟ್ಟಡದ ನಕ್ಷೆ ಕೇಳಿದರು, ಅಗ್ನಿಶಾಮಕದವರ ಪತ್ರ ಕೇಳಿದರು, ಶಬ್ದದ ಬಗ್ಗೆ ದೂರು ಇದೆ ಅಂದರು. ದೂರು ಕೊಟ್ಟವರು ಯಾರು ಎಂದರೆ ಹೇಳಲಿಲ್ಲ. ಪರವಾನಗಿ ಇಲ್ಲದೆ ಗಿರಣಿ ಓಡಿಸಿದರೆ ಬಾಗಿಲು ಮುಚ್ಚಿಸಬಹುದು. ಮಗಳ ಪಿಯುಸಿ ಫೀಸು, ಬ್ಯಾಂಕಿನ ಸಾಲದ ಕಂತು, ಎರಡೂ ಆ ಕಲ್ಲುಗಳು ತಿರುಗಿದರೆ ಮಾತ್ರ. ನಾನು ಚರಂಡಿಯ ಬಗ್ಗೆ ಕೇಳಿದ್ದಕ್ಕೂ ಗಿರಣಿಯ ಪರವಾನಗಿಗೂ ಸಂಬಂಧ ಇದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಕೌಂಟರಿನಲ್ಲಿ ಕೂತವರ ಮುಖ ನೋಡಿದರೆ ಸಾಕು, ಅರ್ಥವಾಗುತ್ತದೆ. ಚರಂಡಿಗಾಗಿ ಬೀದಿಯವರೆಲ್ಲ ಸೇರಿ ಒಂದು ಮನವಿಗೆ ಸಹಿ ಹಾಕಿದ್ದೆವು. ಅದರಿಂದ ಒಬ್ಬೊಬ್ಬರೇ ಹಿಂದೆ ಸರಿದರು. ಒಬ್ಬರ ಖಾತೆ ಬದಲಾವಣೆ ಬಾಕಿ ಇತ್ತು, ಇನ್ನೊಬ್ಬರ ತಮ್ಮ ಅಲ್ಲೇ ಹೊರಗುತ್ತಿಗೆಯಲ್ಲಿ ನೀರು ಬಿಡುವ ಕೆಲಸಕ್ಕಿದ್ದ. ಅವರನ್ನು ನಾನು ದೂರುವುದಿಲ್ಲ. ನಲ್ಲಿ ನೀರು, ಖಾತೆ, ಲೈಸೆನ್ಸು, ಜನನ-ಮರಣದ ಪತ್ರ ಎಲ್ಲವೂ ಒಂದೇ ಕಟ್ಟಡದಿಂದ ಬರಬೇಕಾದ ಊರಿನಲ್ಲಿ ಆ ಕಟ್ಟಡದ ಲೆಕ್ಕ ಕೇಳುವುದಕ್ಕೆ ಎದೆ ನಡುಗುತ್ತದೆ. ನನ್ನದೂ ನಡುಗಿತು. ರಾತ್ರಿ ಗಿರಣಿಯ ಶಟರ್ ಸದ್ದಾದರೆ ಎದ್ದು ಕೂರುತ್ತಿದ್ದೆ.

ಪರವಾನಗಿ, ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಎನ್ನುವ ಸಕಾಲ ಕಾಯ್ದೆಯ ಅಡಿ ಬರುತ್ತದೆ. ಅರ್ಜಿಗೆ ಸಕಾಲದ ಸಂಖ್ಯೆ ಇರುವ ಸ್ವೀಕೃತಿ ಕೊಡಲೇಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕಿದೆ. ಆ 20 ರೂಪಾಯಿ ನನಗೆ ಬೇಕಿರಲಿಲ್ಲ, ಆ ಸಂಖ್ಯೆ ಬೇಕಿತ್ತು. ಸಂಖ್ಯೆ ಬಿದ್ದ ಮೇಲೆ ಅರ್ಜಿಯನ್ನು ಮೇಜಿನ ಕೆಳಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಸ್ವೀಕೃತಿ ಕೊಡುವವರೆಗೆ ಕೌಂಟರ್ ಬಿಟ್ಟು ಕದಲುವುದಿಲ್ಲ ಎಂದು ನಿಂತೆ. ಕೊಟ್ಟರು. ಪರವಾನಗಿಯೂ ಬಂತು.

ಮೇಲ್ಮನವಿಯ ವಿಚಾರಣೆಯಲ್ಲಿ ಮುಖ್ಯಾಧಿಕಾರಿ ಹೆಚ್ಚು ಮಾತಾಡಲಿಲ್ಲ. ನಮ್ಮ ನಿವೃತ್ತ ವರ್ಕ್ ಇನ್‌ಸ್ಪೆಕ್ಟರ್ ಅಣ್ಣ ನನ್ನ ಜೊತೆ ಬಂದಿದ್ದರು. ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿಯನ್ನೂ ದಾಖಲೆಯನ್ನೂ ಪರಿಶೀಲಿಸುವ ಹಕ್ಕಿದೆ, ವಸ್ತುವಿನ ಮಾದರಿ ತೆಗೆದುಕೊಳ್ಳುವ ಹಕ್ಕೂ ಇದೆ ಎಂದು ಓದಿ ಹೇಳಿದರು. ಕಡತ ಸಿಗುತ್ತಿಲ್ಲ ಎಂದು ಮಾಹಿತಿ ಅಧಿಕಾರಿ ಶುರು ಮಾಡಿದರು. ಹಾಗಾದರೆ ಕಡತ ಕಳೆದಿದೆ ಎಂದು ಬರೆದು ಸಹಿ ಮಾಡಿ ಕೊಡಿ, ಪೊಲೀಸ್ ದೂರು ಕೊಡೋಣ ಅಂದೆ. ಮಧ್ಯಾಹ್ನದೊಳಗೆ ಕಡತ ಸಿಕ್ಕಿತು. ಪುಟಕ್ಕೆ 2 ರೂಪಾಯಿ ಕಟ್ಟಿ ಎಂದರು. ಗಡುವು ಮೀರಿದ್ದರಿಂದ ಕಾಯ್ದೆಯ ಪ್ರಕಾರ ಉಚಿತವಾಗಿ ಕೊಡಬೇಕು ಎಂದೆವು. ಮುಖ್ಯಾಧಿಕಾರಿ ಹೂಂಗುಟ್ಟಿದರು.

ಅಳತೆ ಪುಸ್ತಕ ಗಟ್ಟಿ ರಟ್ಟಿನದು, ಪುಟದ ಸಂಖ್ಯೆ ಅಚ್ಚಾಗಿರುತ್ತದೆ. ವಿವರ, ಸಂಖ್ಯೆ, ಉದ್ದ, ಅಗಲ, ಆಳ, ಪರಿಮಾಣ ಎಂದು ಸಾಲು ಸಾಲು ಮನೆಗಳು. ಅಣ್ಣ ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಓದಿದರು. ಉದ್ದ 140 ಮೀಟರ್. ಪ್ರತಿ ಸಾಲಿನಲ್ಲೂ 140. ಆಮೇಲೆ ಅವರ ಬೆರಳು ತಾರೀಖಿನ ಮೇಲೆ ನಿಂತಿತು. ಅಗೆತವನ್ನು ಕಾಂಕ್ರೀಟ್ ಹಾಕುವ ಮುಂಚೆ ಅಳೆಯಬೇಕು, ಹಾಕಿದ ಮೇಲೆ ತಳ ಕಾಣುವುದಿಲ್ಲ. ಮೇಲಿನ ಹಾಸುಗಲ್ಲನ್ನು ಎಲ್ಲ ಮುಗಿದ ಮೇಲೆ ಅಳೆಯಬೇಕು. ನಡುವೆ ಎಷ್ಟೋ ದಿನ ಹೋಗುತ್ತದೆ. ಇಲ್ಲಿ ಅಗೆತ, ತಳದ ಕಾಂಕ್ರೀಟು, ಗೋಡೆ, ಹಾಸು ಎಲ್ಲಕ್ಕೂ ಒಂದೇ ತಾರೀಖು, ಒಂದೇ ಪೆನ್ನು, ಒಂದೂ ತಿದ್ದುಪಡಿ ಇಲ್ಲ. ಫೋಟೊಗಳು ಬೇರೆ ಬೇರೆ ಕೋನದಲ್ಲಿ ತೆಗೆದವು, ಆದರೆ ಎಲ್ಲದರಲ್ಲೂ ಕಿರಾಣಿ ಅಂಗಡಿಯ ನೀಲಿ ಬಾಗಿಲೇ ಕಾಣುತ್ತಿತ್ತು. “ಇದನ್ನ ಟೇಬಲ್ ಮೇಲೆ ಕೂತು ಬರೆದಿದ್ದಾರೆ” ಎಂದು ಅಣ್ಣ ಅಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಯಾರೂ ಅಲ್ಲಗಳೆಯಲಿಲ್ಲ.

ಮರುದಿನ ಸಂಜೆ ಮೇಸ್ತ್ರಿಯೊಬ್ಬರ ಟೇಪು ತಂದು ಬೀದಿಯಲ್ಲಿ ಅಳೆದೆವು. ಕಟ್ಟಿದ ಚರಂಡಿ 60 ಮೀಟರಿನ ಹತ್ತಿರ ಮುಗಿಯಿತು. ನಾನು ದೃಢೀಕೃತ ನಕಲು ಹಿಡಿದು ಗಿರಣಿಯ ಮೆಟ್ಟಿಲ ಮೇಲೆ ನಿಂತು ಸಾಲು ಸಾಲಾಗಿ ಓದಿದೆ. ರಾಜಸ್ಥಾನದ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ 1994ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಹೀಗೇ ಸರ್ಕಾರಿ ಕಾಗದಗಳನ್ನು ಜನರ ಮುಂದೆ ಓದಿದರಂತೆ. ಅಂಥ ಸಭೆಗಳಿಂದಲೇ ಮಾಹಿತಿ ಹಕ್ಕಿನ ಹೋರಾಟ ಬೆಳೆದದ್ದು ಎಂದು ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ಬೀದಿಯಲ್ಲಿ ಸಭೆ ಅನ್ನುವಂಥದ್ದು ಏನೂ ಇರಲಿಲ್ಲ. ಆದರೆ ನಾನು ಮೊತ್ತ ಓದಿದಾಗ ಸಹಿ ಹಿಂತೆಗೆದುಕೊಂಡವರೂ ಬಾಗಿಲಿಗೆ ಬಂದು ನಿಂತಿದ್ದರು. ಅಲ್ಲೇ, ಅದೇ ಸಂಜೆ, ಹೊಸ ಮನವಿಗೆ ಸಹಿ ಹಾಕಿದರು.

ಆ ಮನವಿಯನ್ನು ಜಿಲ್ಲಾಧಿಕಾರಿಗಳಿಗೆ ಕೊಟ್ಟೆವು. ಜಿಲ್ಲಾ ನಗರಾಭಿವೃದ್ಧಿ ಕೋಶದ ಎಂಜಿನಿಯರ್ ಬಂದು ಅಳೆದುಕೊಂಡು ಹೋದರು. ಅಷ್ಟರಲ್ಲಿ 2020ರ ಮಾರ್ಚಿನ ಲಾಕ್‌ಡೌನ್ ಬಂತು, ಕಡತವೂ ನಿಂತಿತು, ಆ ಮಳೆಗಾಲವೂ ಮರಳಿನ ಚೀಲ ಇಟ್ಟುಕೊಂಡೇ ಕಳೆದೆವು. ವರ್ಷದ ಕೊನೆಗೆ ಅಧ್ಯಕ್ಷರ ಆಯ್ಕೆಯಾಗಿ ಸಾಮಾನ್ಯ ಸಭೆ ಶುರುವಾದಾಗ ನಮ್ಮ ಸದಸ್ಯರು ಈ ವಿಷಯ ಎತ್ತಿದರು, ಗಟ್ಟಿಯಾಗಿಯೇ ಎತ್ತಿದರು. 2021ರ ಮುಂಗಾರಿಗೆ ಮುಂಚೆ ಉಳಿದ ಚರಂಡಿ ಹಳ್ಳದವರೆಗೆ ಆಯಿತು. ನೀರು ಈಗ ಗಿರಣಿಗೆ ಬರುವುದಿಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಬಿಡುವುದಿಲ್ಲ. ಬಜೆಟ್ಟು, ಉದ್ದೇಶಿತ ವೆಚ್ಚ, ಹಣ ಕೊಟ್ಟ ವರದಿ ಇವನ್ನೆಲ್ಲ ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು ಅದೇ ಕಾಯ್ದೆಯ 4ನೇ ಕಲಮು ಹೇಳುತ್ತದೆ. ಹಾಗೆ ಪ್ರಕಟಿಸಿ, ಜೊತೆಗೆ ಅಳತೆ ಪುಸ್ತಕದ ಆ ಒಂದು ಪುಟವನ್ನು ಬಿಲ್ಲು ಪಾಸಾಗುವ ಮುಂಚೆ ಬೀದಿಯ ಗೋಡೆಗೆ ಅಂಟಿಸಿದ್ದರೆ, ಎಂಬತ್ತು ಮೀಟರ್ ಚರಂಡಿ ಎಲ್ಲಿ ಎಂದು ಶಾಲೆಯ ಮಕ್ಕಳೇ ಕೇಳುತ್ತಿದ್ದರು. ನಾನು ಪರವಾನಗಿಗಾಗಿ ಕೌಂಟರ್ ಹಿಡಿದು ನಿಲ್ಲಬೇಕಾಗಿರಲಿಲ್ಲ, ನಮ್ಮ ಯಜಮಾನರು ಅಂದು ರಾತ್ರಿಯವರೆಗೆ ಮಾತು ನುಂಗಿಕೊಂಡು ಕೂರಬೇಕಾಗಿರಲಿಲ್ಲ.

ಉಳಿದ ಭಾಗ ಕಟ್ಟಿದ್ದು ಯಾರ ದುಡ್ಡಿನಲ್ಲಿ? ಮೊದಲು ಕೊಟ್ಟ ಹಣ ಗುತ್ತಿಗೆದಾರರಿಂದ ವಸೂಲಾಯಿತೇ? ಅಳೆಯದೆ ಸಹಿ ಹಾಕಿದವರ ಮೇಲೆ ಏನು ಕ್ರಮ ಆಯಿತು? ವಸೂಲಿ ಆದೇಶ ಮತ್ತು ಚಲನ್ ಪ್ರತಿ ಕೋರಿ ಮತ್ತೆ ಅರ್ಜಿ ಹಾಕಿದ್ದೇನೆ. ಈ ಸಲ ಬೀದಿಯ ಇನ್ನೂ ಕೆಲವರು ತಮ್ಮ ತಮ್ಮ ಹೆಸರಿನಲ್ಲೇ ಹಾಕಿದ್ದಾರೆ. ಉತ್ತರ ಬಂದಿಲ್ಲ, ಮೇಲ್ಮನವಿ ಬರೆದಿಟ್ಟುಕೊಂಡಿದ್ದೇವೆ.